ಹನ್ನೊಂದು ಪಾರ್ಸೆಲ್‌ಗಳ ಫೇವರಿಟ್

ಯುಸ್ಟೇಸ್ ಲೋಬೊ ಹುಟ್ಟಿದ ಮೇಲೆ ಹಾಕಿ ಸ್ಟಿಕ್ಕನ್ನು ಕೈಯಲ್ಲಿ ಹಿಡಿದವನಲ್ಲ. ಹಿಡಿದದ್ದು ಟ್ರಾನ್ಸಿಸ್ಟರನ್ನು. ಹದಿನೈದು ವರ್ಷ ಅದನ್ನು ಕಿವಿಗೆ ಒತ್ತಿಕೊಂಡು ಕಾಮೆಂಟರಿ ಕೇಳಿ ಕೇಳಿ ಆಟದ ಮಾತೆಲ್ಲ ಅವನ ನಾಲಗೆಗೆ ಬಂದು ಕೂತಿತ್ತು. ಡ್ರಿಬಲ್, ಸ್ಕೂಪ್, ಶಾರ್ಟ್ ಕಾರ್ನರ್, ಅಬ್‌ಸ್ಟ್ರಕ್ಷನ್ ಎಂದು ಗಲ್ಫಿನ ಸಿತ್ರಾ ದ್ವೀಪದ ಕಂಪೆನಿ ಕ್ಯಾಂಟೀನಿನಲ್ಲಿ ಅವನು ಶುರು ಮಾಡಿದರೆ, ನಿಜವಾಗಿ ಆಡುವವರು ಚಹಾ ಆರಿಸಿಕೊಂಡು ಕೂತು ಕೇಳಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಅವನಿಗೂ ಯಾರೋ ಹೇಳಿರಬೇಕು. ಆಗ ಕಾಮೆಂಟರಿ ನಡೆಯುತ್ತಿತ್ತೋ ಏನೋ.

ಅದು 1981ರ ನವೆಂಬರ್. ಕಂಪೆನಿಯ ವಿಭಾಗಗಳ ನಡುವಿನ ಹಾಕಿ ಫೈನಲ್‌ಗೆ ಒಂದೇ ದಿನ ಉಳಿದಿತ್ತು. ಸ್ಟೋರ್ಸ್ ಮತ್ತು ವರ್ಕ್‌ಶಾಪ್ ನಡುವೆ ಆಟ. ಯುಸ್ಟೇಸ್ ಸ್ಟೋರ್ಸಿನ ಗುಮಾಸ್ತ. ಆದರೂ ಗುರುವಾರ ಸಂಜೆ ಕ್ಯಾಂಟೀನಿನಲ್ಲಿ ಅವನ ಬಾಯಿ ನಿಲ್ಲಲಿಲ್ಲ.

"ವರ್ಕ್‌ಶಾಪೇ ಫೇವರಿಟ್. ಅವರಲ್ಲಿ ಸಿಯಾಲ್‌ಕೋಟಿನ ಮಸೂದ್ ಇದ್ದಾನೆ, ಸೆಂಟರ್ ಫಾರ್ವರ್ಡ್. ನಮ್ಮವರದ್ದು ಡಿಫೆನ್ಸಾ ಅದು? ಸೊಳ್ಳೆಪರದೆ. ಅದೂ ಹರಿದದ್ದು."

ಆ ಸೊಳ್ಳೆಪರದೆಯ ಮುಖ್ಯ ಭಾಗ, ಫುಲ್ ಬ್ಯಾಕ್ ರೊಕಿ, ಎದುರಿಗೇ ಕೂತಿದ್ದ. ಅವನೂ ಸ್ಟೋರ್ಸಿನ ಗುಮಾಸ್ತ, ಯುಸ್ಟೇಸ್‌ನ ಪಕ್ಕದ ಮೇಜು, ಉಮ್ ಅಲ್ ಹಸ್ಸಮ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಪಕ್ಕದ ಮಂಚ.

"ಅಷ್ಟು ಧೈರ್ಯ ಉಂಟಾದ್ರೆ ಬಾಜಿ ಕಟ್ಟು ಮಾರಾಯ," ಎಂದ ರೊಕಿ.

"ಕಟ್ತೇನೆ. ಎಂತ ಕಟ್ಬೇಕು?"

"ರಜೆ."

ಸುತ್ತಲಿನವರು ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಸ್ಟೋರ್ಸಿನ ಇಬ್ಬರು ಗುಮಾಸ್ತರಲ್ಲಿ ಒಬ್ಬನಿಗೆ ಮಾತ್ರ ಕ್ರಿಸ್‌ಮಸ್ ರಜೆ, ಯಾರೆಂದು ನೀವೇ ತೀರ್ಮಾನಿಸಿ ಶನಿವಾರ ಬೆಳಿಗ್ಗೆ ಒಂದು ಹೆಸರು ಕೊಡಿ ಎಂದು ಮ್ಯಾನೇಜರ್ ಪ್ರೆಂಟಿಸ್ ದೊರೆ ಅಂದೇ ಹೇಳಿದ್ದ. ರೊಕಿಗೆ ಒಂಬತ್ತು ತಿಂಗಳ ಮಗಳಿದ್ದಳು. ಫೋಟೊದಲ್ಲಿ ಬಿಟ್ಟರೆ ಅವಳ ಮುಖವನ್ನು ಅವನು ಕಂಡಿರಲಿಲ್ಲ. ಯುಸ್ಟೇಸ್‌ಗೆ ಮದುವೆಯಿತ್ತು. ಕಿನ್ನಿಗೋಳಿಯ ನೆಲ್ಲಿಯ ಜೊತೆ ಗೊತ್ತಾದ ಮದುವೆ ಎರಡು ಸಲ ರಜೆ ಸಿಗದೆ ಮುಂದೆ ಹೋಗಿತ್ತು. ಈಗ ಕ್ರಿಸ್‌ಮಸ್ ಕಳೆದು ನಾಲ್ಕನೇ ದಿನಕ್ಕೆ ನಿಗದಿ. ಈ ಸಲವೂ ಹುಡುಗ ಬಾರದಿದ್ದರೆ ಮುಂಬಯಿಯಲ್ಲಿ ಬ್ಯಾಂಕಿನ ಹುಡುಗನೊಬ್ಬ ಇದ್ದಾನೆ ಎಂದು ನೆಲ್ಲಿಯ ಅಪ್ಪ ಸುಂದರ ಅಕ್ಷರದಲ್ಲಿ ಬರೆದಿದ್ದರು.

ಇಂಥದ್ದನ್ನು ಬಾಜಿಗೆ ಇಡುತ್ತಾರೆಯೇ? ಬುದ್ಧಿ ಇದ್ದವರು ಇಡುವುದಿಲ್ಲ. ಆದರೆ ಇಪ್ಪತ್ತು ಮಂದಿ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಆಯ್ತು. ವರ್ಕ್‌ಶಾಪ್ ಗೆದ್ರೆ ನಾನು ಹೋಗುವುದು, ಸ್ಟೋರ್ಸ್ ಗೆದ್ರೆ ನೀನು. ಡ್ರಾ ಆದ್ರೂ ನೀನೇ ಹೋಗು, ಹೋಗು!" ಎಂದುಬಿಟ್ಟ ಯುಸ್ಟೇಸ್.

ಬಾಜಿಯ ಸುದ್ದಿ ಪ್ರೆಂಟಿಸ್ ದೊರೆಯ ಕಿವಿಗೆ ಮಾತ್ರ ಬೀಳಬಾರದಿತ್ತು. ಬಾಜಿ ಕಟ್ಟಿದವನಿಗೆ ಸಿಗುವ ರಜೆ ಒಂದೇ, ಮರುದಿನದ ವಿಮಾನದಲ್ಲಿ, ಹಿಂದಿರುಗುವ ಟಿಕೆಟ್ ಇಲ್ಲದೆ.

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೇ ಬಾಗಿಲು ಬಡಿಯಿತು. ಕೆಳಗಿನ ಮನೆಯ ಆಮಿನಮ್ಮ ಒಂದು ಗಂಟು ಹೊತ್ತು ಮಹಡಿ ಹತ್ತಿ ಬಂದಿದ್ದಳು. ಹಿಂದೆ ಅವಳ ಗಂಡ ಶರೀಫ್, ಕಂಪೆನಿ ಬಸ್ಸಿನ ಡ್ರೈವರ್.

"ಇದು ಊರಲ್ಲಿ ಬಂದರಿನ ಹತ್ರ ಇರುವ ನನ್ನ ತಂಗಿಗೆ," ಎಂದು ಆಮಿನಮ್ಮ ಗಂಟನ್ನು ಯುಸ್ಟೇಸ್‌ನ ಮಂಚದ ಮೇಲಿಟ್ಟಳು. "ನೀನೇ ಹೋಗುವುದಂತೆ ಅಲ್ವಾ? ನಮ್ಮವರು ಹೇಳಿದ್ರು."

ಊರಿಗೆ ಹೋಗುವವನು ಬೀದಿಯವರ ಪಾರ್ಸೆಲ್ಲುಗಳನ್ನೆಲ್ಲ ಹೊತ್ತುಕೊಂಡು ಹೋಗಬೇಕು, ಅದು ಗಲ್ಫಿನ ಬರೆಯದ ಕಾನೂನು. ಎಂಟು ಗಂಟೆಯೊಳಗೆ ಹಾಲಿನ ಪುಡಿ ಡಬ್ಬ, ಸೀರೆ, ಟೇಪ್ ರೆಕಾರ್ಡರ್, ನೋವಿನ ಮುಲಾಮು ಎಲ್ಲವೂ ಬಂದವು. ಯುಸ್ಟೇಸ್‌ನ ಮಂಚದ ಮೇಲೆ ಹತ್ತು ಪಾರ್ಸೆಲ್. ರೊಕಿಯ ಮಂಚದ ಮೇಲೆ ಒಂದು. ಆ ಒಂದು ಎದುರು ಮನೆಯ ನರ್ಸ್ ಕ್ಲೊಟಿಲ್ಡಾಳದು. ಅವಳು ಜಾಣೆ, ತನ್ನ ಎರಡು ಪಾರ್ಸೆಲ್ಲನ್ನು ಎರಡು ಮಂಚಕ್ಕೆ ಹಂಚಿದ್ದಳು.

"ಹತ್ತಕ್ಕೆ ಒಂದು," ಎಂದು ಶರೀಫ್ ಎಣಿಸಿ ಹೇಳಿದ. "ಯುಸ್ಟೇಸಣ್ಣ ಭಾರೀ ಫೇವರಿಟ್. ನೋಡಿ, ಬಾಜಿ ಹರಾಮ್, ನಾನು ಕಟ್ಟುವುದಿಲ್ಲ. ಪಾರ್ಸೆಲ್ ಕೊಡುವುದು ಹರಾಮ್ ಅಲ್ಲ."

ರೊಕಿ ಮಗಳ ಫೋಟೊವನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಇಗರ್ಜಿಯ ಪೂಜೆಗೆ ಹೋದ. ಅದನ್ನು ಕಂಡ ಯುಸ್ಟೇಸ್ ಬಾಜಿ ಬೇಡ ಎನ್ನಲು ಬಾಗಿಲವರೆಗೆ ಹೋದ. ನೆಲ್ಲಿಯ ಅಪ್ಪನ ಅಕ್ಷರ ನೆನಪಾಗಿ ಅಲ್ಲಿಂದಲೇ ತಿರುಗಿದ.

ಹತ್ತೂವರೆಗೆ ಕ್ಲೊಟಿಲ್ಡಾ ಶುಕ್ರವಾರದ ಅರ್ಧ ಡ್ಯೂಟಿ ಮುಗಿಸಿ ಬೀದಿಗೆಲ್ಲ ಕೇಳುವಂತೆ ಬಂದಳು.

"ಕೇಳಿದ್ರಾ? ಮಸೂದನ ಕಾಲು ಉಳುಕಿದೆ! ನಾನೇ ಬ್ಯಾಂಡೇಜ್ ಕಟ್ಟಿದ್ದು. ಇದು ಪಕ್ಕಾ ಟಿಪ್!"

ಅರ್ಧ ಗಂಟೆಯಲ್ಲಿ ಪಾರ್ಸೆಲ್ಲುಗಳು ಮಂಚ ಬದಲಿಸಿದವು. ಆಮಿನಮ್ಮ ಎರಡನೇ ಸಲ ಮಹಡಿ ಹತ್ತಿ, ಯುಸ್ಟೇಸ್‌ನ ಮುಖ ನೋಡದೆ ತನ್ನ ಗಂಟನ್ನು ರೊಕಿಯ ಮಂಚಕ್ಕೆ ದಾಟಿಸಿದಳು. ಯುಸ್ಟೇಸ್‌ನ ಹತ್ತಿರ ಉಳಿದದ್ದು ಕ್ಲೊಟಿಲ್ಡಾಳದ್ದೊಂದೇ. ಮದುವೆಗೆ ಬಂದವರು ಊಟಕ್ಕೆ ಮೊದಲೇ ಎದ್ದುಹೋದಂತೆ ಅವನ ಮಂಚ ಬರಿದಾಗಿತ್ತು. ಅವನಿಗೆ ಊಟ ಸೇರಲಿಲ್ಲ.

ಒಂದು ಗಂಟೆಗೆ ಶರೀಫ್ ಏದುಸಿರು ಬಿಡುತ್ತ ಬಂದ. "ಸುಳ್ಳು, ಸುಳ್ಳು! ಮಸೂದ್ ನನ್ನ ಬಸ್ಸಿಗೆ ಓಡಿ ಬಂದು ಹತ್ತಿದ. ಕಾಲಿಗೆ ಎಂತದೂ ಆಗ್ಲಿಲ್ಲ!"

"ನಾನು ಕಟ್ಟಿದ ಬ್ಯಾಂಡೇಜ್ ಅಂಥದ್ದು," ಎಂದಳು ಕ್ಲೊಟಿಲ್ಡಾ, ಸ್ವಲ್ಪವೂ ನಾಚದೆ.

ಆಮಿನಮ್ಮ ಮೂರನೇ ಸಲ ಹತ್ತಿದಳು. "ಯಾ ಅಲ್ಲಾ, ನನ್ನ ಮೊಣಗಂಟು ಹೋಯ್ತು. ಇನ್ನು ಯಾರು ಸತ್ತರೂ ಈ ಗಂಟು ಇಲ್ಲಿಂದ ಏಳುವುದಿಲ್ಲ," ಎಂದು ಅದನ್ನು ಯುಸ್ಟೇಸ್‌ನ ದಿಂಬಿನ ಮೇಲೇ ಕುಕ್ಕಿದಳು.

ಮೂರೂವರೆಗೆ ಕಂಪೆನಿಯ ಮರಳು ಮೈದಾನದ ಸುತ್ತ ಜನ ಕಿಕ್ಕಿರಿದಿದ್ದರು. ಯುಸ್ಟೇಸ್ ಟ್ರಾನ್ಸಿಸ್ಟರ್ ಇಲ್ಲದ ಕಿವಿಯನ್ನು ಏನು ಮಾಡುವುದೆಂದು ತಿಳಿಯದೆ ಕೆರೆಯುತ್ತ ನಿಂತಿದ್ದಾಗ ಪ್ರೆಂಟಿಸ್ ದೊರೆ ಅವನ ಹೆಗಲ ಮೇಲೆ ಕೈ ಹಾಕಿದ. ಅಂಪೈರ್ ಆಗಬೇಕಿದ್ದ ಅಕೌಂಟ್ಸಿನ ಜಯಪಾಲರಿಗೆ ಹಲ್ಲುನೋವು. ಕೆನ್ನೆ ಹಲಸಿನಕಾಯಿಯಂತೆ ಊದಿ, ಸೀಟಿ ಊದಲು ಬಾಯಿ ಬರುವುದಿಲ್ಲ.

"ನಿನ್ನೆ ಕ್ಯಾಂಟೀನಿನ ಬಾಗಿಲಲ್ಲಿ ಹೋಗುವಾಗ ನೀನು ಶಾರ್ಟ್ ಕಾರ್ನರ್ ವಿವರಿಸುವುದನ್ನು ಕೇಳಿದೆ," ಎಂದ ದೊರೆ ಇಂಗ್ಲಿಷಿನಲ್ಲಿ. "ಈ ದ್ವೀಪದಲ್ಲಿ ನಿನ್ನಷ್ಟು ನಿಯಮ ತಿಳಿದವರಿಲ್ಲ. ಹಿಡಿ ಸೀಟಿ."

"ಸರ್, ನಾನು ಸ್ಟೋರ್ಸಿನವನು, ಜನ ಏನಾದರೂ..."

"ನನಗೆ ನಿನ್ನ ಮೇಲೆ ನಂಬಿಕೆಯಿದೆ."

ಬೇಡ ಎನ್ನಲು ಒಂದೇ ಒಂದು ಒಳ್ಳೆಯ ಕಾರಣವಿತ್ತು. ಅದನ್ನು ಹೇಳಿದರೆ ವಿಮಾನ. ಯುಸ್ಟೇಸ್ ಸೀಟಿ ಹಿಡಿದು ಮೈದಾನದೊಳಗೆ ಕಾಲಿಟ್ಟ. ಅವನನ್ನು ಕಂಡ ಕೂಡಲೇ ಸ್ಟೋರ್ಸಿನ ಕಡೆಯಿಂದ ದೊಡ್ಡ ಗೊಣಗಾಟ ಎದ್ದಿತು.

"ಖಲಾಸ್," ಎಂದ ಶರೀಫ್, ಗಂಟು ಯುಸ್ಟೇಸ್‌ನ ಮಂಚದಲ್ಲಿದ್ದರೂ ಮನಸ್ಸು ಸ್ಟೋರ್ಸಿನ ಕಡೆಗಿದ್ದವನು. "ಬೆಕ್ಕಿನ ಕೈಯಲ್ಲಿ ಮೀನಿನ ಬುಟ್ಟಿ."

ಮೊದಲ ಐದು ನಿಮಿಷದಲ್ಲೇ ಯುಸ್ಟೇಸ್‌ಗೆ ಒಂದು ಸತ್ಯ ತಿಳಿಯಿತು. ರೇಡಿಯೊದಲ್ಲಿ ಮಾತು ಕೇಳಿಸುತ್ತದೆ, ಕೈ ಕಾಣಿಸುವುದಿಲ್ಲ. ಯಾವ ತಪ್ಪಿಗೆ ಯಾವ ಕೈ ಎತ್ತಬೇಕೆಂದು ಅವನಿಗೆ ಗೊತ್ತೇ ಇರಲಿಲ್ಲ. ಊರಿನ ಹಂಪನಕಟ್ಟೆಯ ಟ್ರಾಫಿಕ್ ಪೊಲೀಸನನ್ನು ನೆನೆದು ಕೈ ಬೀಸುತ್ತ, "ಅಬ್‌ಸ್ಟ್ರಕ್ಷನ್! ಸ್ಟಿಕ್ಸ್!" ಎಂದು ಬೊಬ್ಬೆ ಹೊಡೆದ. ಧ್ವನಿ ಎಷ್ಟು ಗಟ್ಟಿಯಾಗಿತ್ತೆಂದರೆ ಆಟಗಾರರು ತಮ್ಮದೇ ತಪ್ಪಿರಬೇಕು ಎಂದುಕೊಂಡು ಹಿಂದೆ ಸರಿದರು.

ಎರಡನೇ ಸತ್ಯ ಇನ್ನೂ ಕಹಿಯಾಗಿತ್ತು. ಇಡೀ ಮೈದಾನ ಚೆಂಡನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿತ್ತು. ವರ್ಕ್‌ಶಾಪ್ ಕಡೆಗೆ ಒಂದು ಸೀಟಿ ಊದಿದರೆ "ರಜೆ! ರಜೆ!" ಎಂದು ಕೂಗು ಏಳುತ್ತಿತ್ತು. ದೊರೆ ಅದೇನೆಂದು ಕೇಳಿದರೆ? ಆ ಭಯಕ್ಕೆ ಅವನು ಸಂಶಯದ್ದನ್ನೆಲ್ಲ ಸ್ಟೋರ್ಸಿಗೇ ಕೊಡತೊಡಗಿದ. ಹೀಗೆ ಕೊಟ್ಟ ಒಂದು ಶಾರ್ಟ್ ಕಾರ್ನರಿನಲ್ಲಿ ಸ್ಟೋರ್ಸ್ ಗೋಲು ಹೊಡೆಯಿತು. ಸ್ಟೋರ್ಸಿನವರೆಲ್ಲ ಕುಣಿದರು. ತನ್ನ ಮದುವೆಯನ್ನು ತಾನೇ ಸೀಟಿ ಊದಿ ನಿಲ್ಲಿಸುತ್ತಿದ್ದೇನೆ ಎಂದು ಯುಸ್ಟೇಸ್‌ಗೆ ಆಗ ಹೊಳೆಯಿತು.

ಎರಡನೇ ಅರ್ಧದಲ್ಲಿ ಮಸೂದ್ ನಾಲ್ವರನ್ನು ದಾಟಿ ಗೋಲು ಹೊಡೆದ. ಅದರಲ್ಲಿ ಅಂಪೈರನಿಗೆ ಕೆಲಸವೇ ಇರಲಿಲ್ಲ. ಒಂದು-ಒಂದು. ಆಮೇಲೆ ಗಡಿಯಾರ ಓಡತೊಡಗಿತು. ಹತ್ತು ನಿಮಿಷ, ಐದು, ಎರಡು. ಡ್ರಾ ಆದರೂ ನೀನೇ ಹೋಗು ಎಂದವನು ಯಾರು? ತಾನೇ. ಆ ಒಂದು ಮಾತನ್ನು ನುಂಗಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಅವನಿಗೆ ಅಳು ಬಂತು.

ಕೊನೆಯ ನಿಮಿಷ. ಮಸೂದ್ ಗೋಲಿನ ಮುಂದಿನ ಡಿಯೊಳಗೆ ನುಗ್ಗಿದ. ಗೋಲ್‌ಕೀಪರ್ ಬಿದ್ದಿದ್ದ. ಚೆಂಡು ನೇರ ಗೋಲಿಗೆ ಹೊರಟಿತು. ಗೆರೆಯ ಮೇಲೆ ರೊಕಿ ಒಬ್ಬನೇ. ಮರಳು ಎದ್ದಿತು, ಕಾಲುಗಳು, ಸ್ಟಿಕ್ಕುಗಳು, ಚೆಂಡು ಗಕ್ಕನೆ ನಿಂತಿತು.

ಸೀಟಿ ಕೇಳಿಸಿತು.

ಊದಿದ್ದು ತಾನೇ ಎಂದು ಯುಸ್ಟೇಸ್‌ಗೆ ತಿಳಿದದ್ದು ಎಲ್ಲರೂ ತನ್ನ ಕಡೆ ತಿರುಗಿದ ಮೇಲೆ. ತನಗೆ ಕಂಡದ್ದು ರೊಕಿಯ ಕಾಲೋ, ಕಿನ್ನಿಗೋಳಿಯ ನೆಲ್ಲಿಯೋ, ಅವನಿಗೇ ಗೊತ್ತಿರಲಿಲ್ಲ.

"ಪೆನಲ್ಟಿ ಸ್ಟ್ರೋಕ್! ಗೋಲಿಗೆ ಹೋಗುವ ಚೆಂಡಿಗೆ ಕಾಲು!" ಎಂದ. ಧ್ವನಿ ಈ ಸಲ ಗಟ್ಟಿಯಿರಲಿಲ್ಲ.

"ಮಾರಿಕೊಂಡ! ಮಾರಿಕೊಂಡ!" ಎಂದು ಸ್ಟೋರ್ಸಿನವರು ಗೆರೆ ದಾಟಿ ಬಂದರು. ಶರೀಫ್ ಚಪ್ಪಲಿ ಕೈಗೆ ತೆಗೆದುಕೊಂಡಿದ್ದ. ಆಗ ಮರಳಿನಿಂದ ರೊಕಿ ಎದ್ದ. ಬೂಟಿನ ಮೇಲೆ ಚೆಂಡಿನ ಬಿಳಿ ಗುರುತು ಇತ್ತು. ಅವನು ಕಿಸೆಯ ಫೋಟೊವನ್ನೊಮ್ಮೆ ಮುಟ್ಟಿಕೊಂಡು ಕೈ ಎತ್ತಿದ.

"ತಾಗಿದ್ದು ಹೌದು. ಕಾಲಲ್ಲೇ ನಿಲ್ಲಿಸಿದೆ. ಅವ ಸರಿಯೇ ಕೊಟ್ಟದ್ದು."

ಶರೀಫ್ ಚಪ್ಪಲಿಯನ್ನು ಮತ್ತೆ ಕಾಲಿಗೆ ಹಾಕಿಕೊಂಡ. ಮಸೂದ್ ಸ್ಟ್ರೋಕ್ ಹೊಡೆದ. ಗೋಲು. ಎರಡು-ಒಂದು. ಆಟ ಮುಗಿಯಿತು.

ಯುಸ್ಟೇಸ್‌ನ ಎದೆಯಲ್ಲಿ ಬ್ಯಾಂಡ್ ವಾದ್ಯ. ಗೆದ್ದೆ! ನೆಲ್ಲಿ! ರೊಕಿಯ ಮುಖವನ್ನು ನೋಡಲಾಗದೆ ಆಚೆ ತಿರುಗಿದ್ದವನ ಎದುರಿಗೆ ಪ್ರೆಂಟಿಸ್ ದೊರೆ ಬಂದು ನಿಂತ. ದೊರೆಯ ಕಣ್ಣು ಒದ್ದೆಯಾಗಿತ್ತು.

"ಇಪ್ಪತ್ತು ವರ್ಷದಲ್ಲಿ ನಾನು ಇಂಥದ್ದನ್ನು ಕಂಡಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಫೈನಲ್, ಕೊನೆಯ ನಿಮಿಷ, ತನ್ನದೇ ವಿಭಾಗದ ವಿರುದ್ಧ, ತನ್ನದೇ ಗೆಳೆಯನ ವಿರುದ್ಧ ಸ್ಟ್ರೋಕ್! ಇದಕ್ಕೆ ಗುಂಡಿಗೆ ಬೇಕು. ಕ್ರಿಸ್‌ಮಸ್ ವಾರದಲ್ಲಿ ಎಲ್ಲ ಕಂಪೆನಿಗಳ ಟೂರ್ನಮೆಂಟ್ ನಮ್ಮಲ್ಲೇ ಇದೆ. ಅದಕ್ಕೆ ನೀನೇ ಮುಖ್ಯ ಅಂಪೈರ್. ಈಗಲೇ ಪತ್ರ ಬರೆದು ಕೊಡುತ್ತೇನೆ."

"ಸರ್... ನನ್ನ ರಜೆ..."

"ಚಿಂತೆ ಬೇಡ. ನಿನಗೆ ಮಾರ್ಚಿನಲ್ಲಿ ಇಡೀ ತಿಂಗಳು ರಜೆ. ನಿಮ್ಮಿಬ್ಬರ ತೀರ್ಮಾನವೂ ಸುಲಭವಾಯಿತಲ್ಲ? ರೊಕಿ, ಡಿಸೆಂಬರಿನಲ್ಲಿ ನೀನು ಹೋಗಿ ಬಾ."

ರೊಕಿ ಬಾಯಿ ತೆರೆದ. ನ್ಯಾಯವಾಗಿ ರಜೆ ಯುಸ್ಟೇಸ್‌ನದು ಎಂದು ಹೇಳಬೇಕೆಂದೇ ತೆರೆದ. ಹೇಗೆ ಎಂದು ದೊರೆ ಕೇಳಿದರೆ ಬಾಜಿ ಎನ್ನಬೇಕು, ಬಾಜಿ ಎಂದರೆ ಇಬ್ಬರಿಗೂ ವಿಮಾನ. ರೊಕಿ ಬಾಯಿ ಮುಚ್ಚಿದ. ಯುಸ್ಟೇಸ್ ಮೊದಲೇ ಮುಚ್ಚಿದ್ದ. ಬಹುಶಃ ಅವನ ಬದುಕಿನಲ್ಲಿ ಅದೇ ಮೊದಲ ಸಲ.

ಆರು ಗಂಟೆಗೆ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಆಮಿನಮ್ಮ ನಾಲ್ಕನೇ ಸಲ ಮಹಡಿ ಹತ್ತಿ, ದಿಂಬಿನ ಮೇಲಿಂದ ಗಂಟನ್ನೆತ್ತಿ ರೊಕಿಯ ಮಂಚಕ್ಕೆ ಹಾಕಿದಳು. ಉಳಿದವರೂ ದಾಟಿಸಿದರು. ಕ್ಲೊಟಿಲ್ಡಾ ತನ್ನ ಎರಡನ್ನೂ ಕೊನೆಗೆ ಒಂದೇ ಕಡೆ ಸೇರಿಸಿದಳು.

"ಬೇಜಾರು ಮಾಡ್ಬೇಡ ಯುಸ್ಟೇಸಣ್ಣ," ಎಂದ ಶರೀಫ್. "ಮಾರ್ಚಿನಲ್ಲಿ ಹೋಗಿ ಮದುವೆ ಆಗು. ಮೂರು ತಿಂಗಳು ತಡ, ಅಷ್ಟೇ ತಾನೆ?"

"ಮಾರ್ಚಿನಲ್ಲಾ?" ಎಂದಳು ಕ್ಲೊಟಿಲ್ಡಾ. "ಮಾರ್ಚಿಡೀ ತಪಸ್ಸುಕಾಲ ಅಲ್ವಾ? ಈಸ್ಟರ್ ಆಗುವವರೆಗೆ ಯಾವ ಪಾದ್ರಿಯೂ ಮದುವೆ ಮಾಡಿಸುವುದಿಲ್ಲ."

ಯುಸ್ಟೇಸ್ ಎದ್ದು, ಪೆಟ್ಟಿಗೆಯಿಂದ ನೆಲ್ಲಿಗೆಂದು ಕೊಂಡಿದ್ದ ಕೆಂಪು ಮದುವೆ ಸೀರೆಯ ಕಟ್ಟನ್ನು ತೆಗೆದ. ರೊಕಿಗೆ ಕಣ್ಣು ತುಂಬಿತು.

"ನಾನೇ ಕಿನ್ನಿಗೋಳಿಗೆ ಹೋಗಿ ಅವಳ ಅಪ್ಪನ ಹತ್ರ ಮಾತಾಡ್ತೇನೆ ಮಾರಾಯ. ಕಾಲು ಹಿಡಿದಾದ್ರೂ ನಿಲ್ಲಿಸ್ತೇನೆ. ಆದ್ರೆ ಎಂತ ಹೇಳ್ಲಿ? ಬಾಜಿಯ ವಿಷಯ ಹೇಳ್ಲಿಕ್ಕೆ ಆಗ್ತದಾ?"

ಯುಸ್ಟೇಸ್ ದೊರೆ ಕೊಟ್ಟ ಪತ್ರವನ್ನು ಅವನ ಕೈಗಿತ್ತ. ತೋರಿಸಲು ಅವನ ಹತ್ತಿರ ಬೇರೇನೂ ಇರಲಿಲ್ಲ. ರೊಕಿ ಬೆಳಕಿಗೆ ಹಿಡಿದು, ಇಂಗ್ಲಿಷನ್ನು ಕನ್ನಡ ಮಾಡಿ ಎಲ್ಲರಿಗೂ ಓದಿ ಹೇಳಿದ. "ಈ ಮನುಷ್ಯ ಯಾವ ಸಂದರ್ಭದಲ್ಲೂ ತನ್ನ ಲಾಭವನ್ನು ನೋಡುವವನಲ್ಲ ಎಂದು ನಾನು ಬಲ್ಲೆ."

"ದೇವರೇ," ಎಂದಳು ಕ್ಲೊಟಿಲ್ಡಾ. "ಇದನ್ನು ಓದಿದ ಮೇಲೆ ಯಾವ ಅಪ್ಪ ಹುಡುಗಿ ಕೊಡ್ತಾನೆ?"

ಯುಸ್ಟೇಸ್ ಪತ್ರವನ್ನು ವಾಪಸ್ಸು ತೆಗೆದುಕೊಂಡು ಮಡಚಿ ಕಿಸೆಗೆ ಹಾಕಿದ. ಸೀರೆಯ ಕಟ್ಟನ್ನು ರೊಕಿಯ ಮಂಚದ ಮೇಲೆ, ಆಮಿನಮ್ಮನ ಗಂಟಿನ ಪಕ್ಕ ಮೆಲ್ಲಗೆ ಇಟ್ಟ. ಅಭ್ಯಾಸಬಲದಿಂದ ಶರೀಫ್ ಮತ್ತೆ ಎಣಿಸಿದ. ಈಗ ಅಲ್ಲಿ ಹನ್ನೆರಡು ಪಾರ್ಸೆಲ್ ಇದ್ದವು.