ನಾಲ್ಕು ಸಂಬಂಧ ಮುರಿದ ಕಂಪ್ಯೂಟರು

ಸುಚಿತಾ: ಅಂಗಿ ಒಂದು ಹಾಕ್ಕಣಿ ಹೇಳಿ ಎಷ್ಟು ಸಲ ಹೇಳೂದು ನಿಮಗೆ?

ದಿನಕರ: ಅಂಗಿ ಇರ್ಲಿ. ಪೊಟ್ಟಣ ಒಡ್ದದೆ ಹೇಳ್ತದೆ ಇದು.

ಸುಚಿತಾ: ಯಾರು ಹೇಳ್ದದ್ದು? ಇವತ್ತು ಅಂಗಡಿಗೆ ಒಂದು ಪಾರ್ಸೆಲ್ಲೂ ಬರ್ಲಿಲ್ಲ.

ದಿನಕರ: ಪಾರ್ಸೆಲ್ ಅಲ್ಲ ಮಾರಾಯ್ತಿ, ಪೊಟ್ಟಣ. ಕಂಪ್ಯೂಟರ್ ಒಳಗಿನ ಪೊಟ್ಟಣ.

ಸುಚಿತಾ: ಅದ್ರ ಎದುರು ಕೂತು ಶೇಂಗಾ ತಿನ್ಬೇಡಿ ಹೇಳಿ ಮೊದ್ಲಿಂದ ಬಡ್ಕಂಡೆ.

ಶಿರಾಲಿಯಲ್ಲಿ ಹೆದ್ದಾರಿ ಬದಿಗೆ ಗಂಡ ಹೆಂಡತಿ ಸೇರಿ ನಡೆಸುವ ಝೆರಾಕ್ಸ್ ಅಂಗಡಿ ಅದು. ಮುಂದೆ ಕೌಂಟರು ಮತ್ತು ಒಂದು ಬೆಂಚು, ನಡುವೆ ಪ್ಲೈವುಡ್ಡಿನ ಅಡ್ಡಗೋಡೆ, ಅದರ ಹಿಂದೆ ಕಂಪ್ಯೂಟರು. ಹಳೆಯ ವಿಂಡೋಸ್ ಕೈಕೊಟ್ಟ ಮೇಲೆ ದಿನಕರ ಲಿನಕ್ಸ್ ಹಾಕಲು ಹೊರಟಿದ್ದ. ದುಡ್ಡು ಕೊಡುವುದು ಬೇಡ, ವೈರಸ್ಸಿನ ಕಾಟವಿಲ್ಲ ಎಂದು ಹುಚ್ಚು ಹತ್ತಿಸಿದವನು ಸುಚಿತಾಳ ತಮ್ಮ ವಿನಾಯಕ. ಅವನು ಹೊನ್ನಾವರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾನೆ. ಲಿನಕ್ಸೇನೋ ಬಂದು ಕೂತಿತ್ತು. ಪ್ರಿಂಟರ್ ನಡೆಸುವ ಪ್ಯಾಕೇಜುಗಳು ಮಾತ್ರ ಏನು ಮಾಡಿದರೂ ಬರುತ್ತಿರಲಿಲ್ಲ. ಸಾಲದ್ದಕ್ಕೆ, ಯಾವ ಭಾಷೆ ಬೇಕು ಎಂದು ಅದು ಕೇಳಿದಾಗ ದಿನಕರ ಎದೆಯುಬ್ಬಿಸಿ ಕನ್ನಡ ಎಂದು ಒತ್ತಿದ್ದ. ಆಗಿನಿಂದ ಅದು ಪ್ಯಾಕೇಜನ್ನು ಪೊಟ್ಟಣ ಎನ್ನುತ್ತ, ಅವು ಇಳಿದು ಬರುವ ಜಾಗವನ್ನು ಭಂಡಾರ ಎನ್ನುತ್ತ, ಒಂದು ಪ್ಯಾಕೇಜಿಗೆ ಇನ್ನೊಂದರ ಜೊತೆ ಇರುವ ನಂಟನ್ನು ಸಂಬಂಧ ಎನ್ನುತ್ತ, ಪುರಾಣ ಓದುವವರ ಕನ್ನಡದಲ್ಲಿ ತಕರಾರು ತೆಗೆಯುತ್ತಿತ್ತು.

ಸುಚಿತಾಳ ತಲೆಯಲ್ಲಿದ್ದ ಸಂಬಂಧವೇ ಬೇರೆ. ಮಗಳು ಅರ್ಚಿತಾ ಕುಮಟಾದಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಅದೇ ಊರಿನ ಹುಡುಗ ವಿಶಾಲ ಅವಳನ್ನು ಒಪ್ಪಿದ್ದ, ಇವಳೂ ಅವನನ್ನು ಒಪ್ಪಿದ್ದಳು. ಉಳಿದಿದ್ದವರು ವಿಶಾಲನ ಸೋದರಮಾವ ಬೀರಪ್ಪ ಒಬ್ಬರೇ. ಆ ಮನೆಯಲ್ಲಿ ಬೀರಪ್ಪ ಹೂಂ ಅನ್ನದೆ ಬಾವಿಯ ಹಗ್ಗವನ್ನೂ ಬದಲಿಸುವುದಿಲ್ಲ ಎಂದು ಸುಚಿತಾ ಕೇಳಿದ್ದಳು. ಆ ಬೀರಪ್ಪ ಇವತ್ತು ಹುಡುಗಿಯ ಅಪ್ಪ ಅಮ್ಮನನ್ನು ಕಣ್ಣಾರೆ ನೋಡಲು ಬರುವವರಿದ್ದರು.

ಸುಚಿತಾ: ಅವ್ರು ಬರೂ ಹೊತ್ತಾತು. ನೀವು ನೋಡ್ರೆ ಬನಿಯನ್ನಲ್ಲಿ ಕೂತಿದ್ರಿ.

ದಿನಕರ: ಊಟದ ಹೊತ್ತಿಗೆ ಬರ್ತೆ ಹೇಳಿದ್ರಲ್ಲ. ಅಷ್ಟ್ರೊಳಗೆ ಇದು ಮುಗೀತದೆ.

ಸುಚಿತಾ: ನಿನ್ನೆನೂ ಹಂಗೇ ಹೇಳಿದ್ರಿ.

ದಿನಕರ: ನಿನ್ನೆ ಹೇಳ್ದದ್ದು ನಿನ್ನೆಯ ತಪ್ಪಿಗೆ. ಇದು ಬೇರೆ.

ಅವನು ಅಡ್ಡಗೋಡೆಯ ಹಿಂದೆ ಹೋಗಿ, ಎರಡೂ ಕೈಗೆ ಕೆಲಸ ಬೇಕೆಂದು ಫೋನನ್ನು ಸ್ಪೀಕರಿಗೆ ಹಾಕಿ ವಿನಾಯಕನಿಗೆ ಹಚ್ಚಿದ. ಅದೇ ಹೊತ್ತಿಗೆ ಅಂಗಡಿಯ ಎದುರು ರಿಕ್ಷಾ ನಿಂತಿತು. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಎಲ್ಲವನ್ನೂ ತೂಗಿ ನೋಡುವಂಥ ಕಣ್ಣು. ಕೇಳದೆಯೇ ಸುಚಿತಾಳಿಗೆ ಗೊತ್ತಾಯಿತು.

ಬೀರಪ್ಪ: ದಿನಕರ ಅವ್ರ ಅಂಗಡಿ ಇದೇ ಅಲ್ದಾ?

ಸುಚಿತಾ: ಹೌದು, ಬನ್ನಿ ಬೀರಪ್ಪಣ್ಣ. ಕೂತ್ಕಣಿ. ಬಿಸಿಲಲ್ಲಿ ಬಂದ್ರಿ, ಮೊದ್ಲು ಕೋಕಂ ಶರಬತ್ತು ತಕಣಿ.

ಬೀರಪ್ಪ: ಬಸ್ಸು ಬೇಗ ಸಿಕ್ತು. ಯಜಮಾನ್ರು ಎಲ್ಲಿ?

ಸುಚಿತಾ: ಒಳಗಿದ್ರು. ಸಣ್ಣದೊಂದು ಕೆಲಸ. ಈಗ ಕರೀತೆ.

ಅವಳು ಏಳುವುದರೊಳಗೆ ಅಡ್ಡಗೋಡೆಯ ಹಿಂದಿನಿಂದ ದನಿ ಬಂತು.

ದಿನಕರ (ಒಳಗಿಂದ): ನಾಲ್ಕು ಸಂಬಂಧ ಮುರ್ದದೆ ಮಾರಾಯಾ. ಒಂದಲ್ಲ ಎರಡಲ್ಲ.

ಬೀರಪ್ಪನ ಲೋಟ ಬಾಯಿಯವರೆಗೆ ಹೋದದ್ದು ಅಲ್ಲೇ ನಿಂತಿತು.

ಬೀರಪ್ಪ: ನಾಲ್ಕು?

ಸುಚಿತಾ: ಅದು ನಮ್ದಲ್ಲ.

ಬೀರಪ್ಪ: ಮತ್ತೆ ಯಾರ್ದು?

ಸುಚಿತಾ: ಕಂಪ್ಯೂಟರಿಂದು.

ಬೀರಪ್ಪ: ಹುಡುಗಿಗೆ ಗಂಡು ನೋಡೂದು ಇದೇ ಮೊದ್ಲು ಹೇಳಿ ನಮ್ಮ ಹತ್ರ ಹೇಳಿದ್ರು.

ಸುಚಿತಾ: ಮೊದ್ಲೇ. ದೇವರಾಣೆ ಮೊದ್ಲೇ.

ವಿನಾಯಕ (ಫೋನಿನಿಂದ): ಬಾವಾ, ಮುರ್ದದ್ದನ್ನ ಬಿಟ್ಟು ಮುಂದೆ ಹೋಗ್ಲಾ ಹೇಳಿ ಕೇಳ್ತದಾ ಅದು?

ದಿನಕರ: ಕೇಳ್ತದೆ.

ವಿನಾಯಕ: ಹೌದು ಹೇಳಿ ಒತ್ತು. ಮೇಲಿಂದ ನೋಡ್ದವ್ರಿಗೆ ಎಂತದೂ ಗೊತ್ತಾಗೂದಿಲ್ಲ.

ಸುಚಿತಾ ಕೆಮ್ಮಿದಳು. ಒಳಗಿನವನಿಗೆ ಸೂಚನೆ ಸಿಗಲೆಂದು ಇನ್ನೊಮ್ಮೆ, ಉದ್ದಕ್ಕೆ ಕೆಮ್ಮಿದಳು.

ದಿನಕರ: ಸುಚಿತಾ, ಕೆಮ್ಮು ಜೋರಾತಲೆ ನಿಂಗೆ. ಕಾಳುಮೆಣಸಿನ ಕಷಾಯ ಮಾಡ್ಕಂಡು ಕುಡಿ.

ಸುಚಿತಾ ಮತ್ತೆ ಕೆಮ್ಮಿದಳು.

ದಿನಕರ: ರಸ್ತೆ ಬದಿಗೆ ಹೋಗಿ ಕೆಮ್ಮು. ವಿನಾಯಕಂದು ಕೇಳೂದಿಲ್ಲ ನಂಗೆ.

ಬೀರಪ್ಪ: ವಿನಾಯಕ ಹೇಳ್ರೆ ಯಾರು?

ಸುಚಿತಾ: ನನ್ನ ತಮ್ಮ.

ಬೀರಪ್ಪ: ಹಂಗಾದ್ರೆ ಹುಡುಗಿಯ ಸೋದರಮಾವ. ನನ್ನ ಸ್ಥಾನದವ. ಅವ ಎಂತ ಹೇಳ್ತ ಕೇಳ್ವ, ಕರೀಬೇಡಿ ಈಗ.

ಬೀರಪ್ಪ ಲೋಟ ಕೆಳಗಿಟ್ಟು ಕಿವಿಯನ್ನು ಅಡ್ಡಗೋಡೆಯ ಕಡೆ ತಿರುಗಿಸಿ ಕೂತರು. ಸುಚಿತಾಳಿಗೆ ಎದ್ದು ಒಳಗೆ ಓಡೋಣ ಅನಿಸಿತು. ಆದರೆ ಬಂದ ಹಿರಿಯರು ಬೇಡ ಎಂದದ್ದನ್ನು ಮೀರುವುದು ಹೇಗೆ ಎಂದು ಸೆರಗಿನ ತುದಿ ಹಿಂಡುತ್ತ ಕೂತಳು.

ವಿನಾಯಕ: ಅದು ಕೂತ್ಕಣೂದಿಲ್ಲ ಹೇಳಿದ ಮಾತ್ರಕ್ಕೆ ನಾವು ಬಿಡೂಹಂಗಿಲ್ಲ ಬಾವಾ. ಒತ್ತಾಯ ಮಾಡಿ ಕೂರ್ಸು.

ದಿನಕರ: ಒತ್ತಾಯ ಮಾಡಿ ನಾಳೆ ಎಂತಾದ್ರೂ ಆದ್ರೆ?

ವಿನಾಯಕ: ಎಂತದೂ ಆಗೂದಿಲ್ಲ. ಒಂದು ಸಲ ಕೂತ್ರೆ ಹೊಂದ್ಕಂಡು ಹೋಗ್ತದೆ. ನಮ್ಮ ಕಾಲೇಜಲ್ಲಿ ನಾನು ಸುಮಾರು ಜನಕ್ಕೆ ಹಂಗೇ ಕೂರ್ಸಿ ಕೊಟ್ಟಿದೆ.

ಬೀರಪ್ಪ: ತಂಗೀ, ಹುಡುಗಿಗೆ ಮನಸ್ಸಿಲ್ಲ ಹೇಳಾದ್ರೆ ಈಗ್ಲೇ ಹೇಳ್ಬಿಡಿ. ನಮ್ಮ ವಿಶಾಲಂಗೂ ಜೀವ ಅದೆ.

ಸುಚಿತಾ: ಅವಳಿಗೆ ಮನಸ್ಸಿದೆ ಬೀರಪ್ಪಣ್ಣ. ಕೂತ್ಕಣೂದಿಲ್ಲ ಹೇಳ್ತಿರೂದು ಪ್ರಿಂಟರು.

ಬೀರಪ್ಪ: ನಿಮ್ಮ ಮಾತು ಕೇಳ್ದಷ್ಟೂ ನಂಗೆ ಕತ್ತಲೆ ಆಗ್ತಾ ಬಂತು.

ದಿನಕರ: ಇಲ್ಲ ಮಾರಾಯಾ, ಒತ್ತಾಯಕ್ಕೂ ಜಗ್ಗೂದಿಲ್ಲ. ಹಳೇದೊಂದು ಒಳಗೆ ಗಟ್ಟಿ ಹಿಡ್ಕಂಡು ಕೂತದಂತೆ. ಅದು ಬಿಡೂವರೆಗೆ ಹೊಸತು ಒಳಗೆ ಬರೂಹಂಗಿಲ್ಲಂತೆ.

ಬೀರಪ್ಪ: ಹಳೇದು ಯಾರು?

ಸುಚಿತಾ: ಯಾರೂ ಇಲ್ಲ.

ಬೀರಪ್ಪ: ಯಾವ ಊರವ?

ಸುಚಿತಾ: ಅವ ಹೇಳಿ ಯಾರೂ ಇಲ್ಲ. ಅದು ಬರೀ ಒಂದು ಫೈಲು.

ಬೀರಪ್ಪ: ಕೇಸು ಫೈಲ್ ಆಗೂವರೆಗೂ ಹೋಗಿತ್ತಾ?

ವಿನಾಯಕ: ಸುಮ್ಮನೆ ಹೊತ್ತು ಕಳೀಬೇಡ ಬಾವಾ. ಅದನ್ನ ಕೊಂದುಬಿಡು.

ದಿನಕರ: ಕೊಲ್ಲೂದು ಹೆಂಗೆ?

ವಿನಾಯಕ: ಮೊದ್ಲು ಸುಡೋ. ಆಮೇಲೆ ಕೊಲ್ಲೂದು.

ದಿನಕರ: ಎಲ್ಲರೂ ಕೊಂದಮೇಲೆ ಸುಡ್ತ್ರು. ಇಲ್ಲಿ ಮೊದ್ಲೇ ಸುಡೂದಾ?

ವಿನಾಯಕ: ಸುಡೋ ಹಾಕದೆ ಕೊಲ್ಲೂಕೆ ನಿಂಗೆ ಅಧಿಕಾರ ಇಲ್ಲ.

ಲಿನಕ್ಸಿನಲ್ಲಿ ಸಿಕ್ಕಿಕೊಂಡ ಕೆಲಸವನ್ನು ನಿಲ್ಲಿಸುವುದಕ್ಕೆ ಕೊಲ್ಲುವುದು ಅನ್ನುತ್ತಾರೆ, ಯಜಮಾನನ ಅಧಿಕಾರ ಚಲಾಯಿಸುವ ಆಜ್ಞೆಗೆ ಸುಡೋ ಎಂದು ಹೆಸರು. ಅದು ಬೀರಪ್ಪನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಸುಚಿತಾಳಿಗೂ ಗೊತ್ತಿರಲಿಲ್ಲ. ತಮ್ಮನ ಬಾಯಲ್ಲಿ ಇಂಥ ಮಾತು ಕೇಳಿ ಅವಳೂ ಅಡ್ಡಗೋಡೆಯ ಕಡೆ ತಿರುಗಿ ನೋಡಿದಳು. ಬೀರಪ್ಪ ಶರಬತ್ತನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದು ನಿಂತರು.

ಬೀರಪ್ಪ: ನಾನು ಬರ್ತೆ ತಂಗೀ. ಮೂರು ಗಂಟೆಯ ಬಸ್ಸು ನಂಬೂಹಂಗಿಲ್ಲ.

ಸುಚಿತಾ: ಈಗಿನ್ನೂ ಹನ್ನೊಂದಾತು.

ಬೀರಪ್ಪ: ಅದಕ್ಕೇ. ಬೇಗ ಹೋಗಿ ನಿಂತ್ರೆ ಸೀಟು ಸಿಗ್ತದೆ.

ಇನ್ನು ಮರ್ಯಾದೆ ನೋಡಿಕೊಂಡು ಕೂತರೆ ಮಗಳ ಮದುವೆ ರಿಕ್ಷಾ ಹತ್ತುತ್ತದೆ ಎಂದು ಸುಚಿತಾಳಿಗೆ ಹೊಳೆಯಿತು. ಅವಳು ಎದ್ದು ಅಡ್ಡಗೋಡೆಗೆ ಅಂಗೈಯಿಂದ ಬಡಿದಳು.

ಸುಚಿತಾ: ಹೋಯ್, ಇದ್ದ ಹಂಗೇ ಹೊರಗೆ ಬನ್ನಿ.

ಇದ್ದ ಹಾಗೆಯೇ ಬಂದ ದಿನಕರ. ಬನಿಯನ್ನು, ಮೂಗಿನ ಮೇಲೆ ಕ್ಯಾಬಿನೆಟ್ಟಿನ ಧೂಳು, ಕೈಯಲ್ಲಿ ಸ್ಕ್ರೂ ಡ್ರೈವರು. ಬೀರಪ್ಪನನ್ನು ಅವನು ಹಿಂದೆ ನೋಡಿರಲಿಲ್ಲ. ಕಂಕುಳಲ್ಲಿ ಕೊಡೆ ಇಟ್ಟುಕೊಂಡು ನಿಂತ ಹಿರಿಯರನ್ನು ಕಂಡು, ಪಹಣಿ ಪ್ರತಿ ತೆಗೆಸಲು ಬಂದವರೆಂದೇ ತಿಳಿದ.

ದಿನಕರ: ನಮ್ಮಲ್ಲಿ ಆಗೂದಿಲ್ಲ ಯಜಮಾನ್ರೇ.

ಬೀರಪ್ಪ: ಇವತ್ತು ಆಗೂದಿಲ್ವೋ, ಯಾವತ್ತೂ ಆಗೂದಿಲ್ವೋ?

ದಿನಕರ: ಹೇಳೂಕೆ ಬರೂದಿಲ್ಲ. ನಿಮಗೆ ಅವಸರ ಇದ್ರೆ ಎದುರುಗಡೆಯವ್ರ ಹತ್ರ ಕೇಳಿ. ಅವ್ರಲ್ಲಿ ಎರಡು ಅದೆ. ಒಂದು ಮೊನ್ನೆ ತಂದದ್ದು.

ಬೀರಪ್ಪ: ಕುಮಟಾದಿಂದ ಇಷ್ಟು ದೂರ ಬಂದವಂಗೆ ಎದುರುಮನೆ ತೋರಿಸ್ತ್ರಲ್ಲ.

ದಿನಕರ: ಕುಮಟಾದಲ್ಲಿ ಝೆರಾಕ್ಸ್ ಅಂಗಡಿ ಇಲ್ವಾ?

ಸುಚಿತಾ: ಇವ್ರು ಬೀರಪ್ಪಣ್ಣ.

ದಿನಕರ ಸ್ಕ್ರೂ ಡ್ರೈವರನ್ನು ಬೆನ್ನ ಹಿಂದೆ ಅಡಗಿಸಿದ. ಬನಿಯನ್ನನ್ನು ಅಡಗಿಸಲು ಜಾಗವಿರಲಿಲ್ಲ.

ವಿನಾಯಕ (ಫೋನಿನಿಂದ): ಬಾವಾ, ಸತ್ತೋತಾ?

ದಿನಕರ: ಸತ್ತೋತು ಮಾರಾಯಾ.

ಸುಚಿತಾ ಬೀರಪ್ಪನ ಎದುರು ಕೈ ಜೋಡಿಸಿದಳು.

ಸುಚಿತಾ: ನಾ ಎಷ್ಟು ಹೇಳ್ರೂ ನಿಮಗೆ ಸುಳ್ಳಿನ ಹಂಗೆ ಕೇಳ್ತದೆ. ಒಳಗೆ ಬನ್ನಿ, ಅದು ಎಂತ ಬರ್ದದೆ ನೀವೇ ಓದಿ. ಆಮೇಲೂ ಹೋಗ್ತೆ ಹೇಳ್ರೆ ನಾನೇ ರಿಕ್ಷಾ ಕರೀತೆ.

ಬೀರಪ್ಪ ಅನುಮಾನಿಸುತ್ತಲೇ ಒಳಗೆ ಬಂದರು. ಕನ್ನಡಕ ಏರಿಸಿ, ಪರದೆಯ ಮೇಲಿದ್ದುದನ್ನು ಲಗ್ನಪತ್ರಿಕೆ ಓದುವ ದನಿಯಲ್ಲಿ ಓದಿದರು.

ಬೀರಪ್ಪ: "ನಾಲ್ಕು ಸಂಬಂಧಗಳು ಮುರಿದಿವೆ. ಭಂಡಾರದ ಸಹಿಯನ್ನು ನಂಬಲಾಗದು. ಈ ಪೊಟ್ಟಣಗಳ ಕಾಲ ಇನ್ನೂ ಬಂದಿಲ್ಲ." ಇದನ್ನ ಬರ್ದದ್ದು ಯಾರು?

ದಿನಕರ: ಅದೇ ಬರೀತದೆ.

ಬೀರಪ್ಪ: ಮದ್ವೆ ಮುರ್ದ ಮನೆಯವ ಯಾರೋ ಕೂತು ಬರ್ದಾಂಗೆ ಅದೆ.

ಹೇಳುತ್ತ ಹೇಳುತ್ತ ಅವರ ಮೀಸೆಯ ಒಂದು ತುದಿ ಮೇಲಕ್ಕೆ ಹೋಯಿತು. ಅದನ್ನು ನೋಡಿದ ಮೇಲೆಯೇ ಸುಚಿತಾಳ ಉಸಿರು ಕೆಳಗಿಳಿದದ್ದು. ದಿನಕರ ಅಷ್ಟರಲ್ಲಿ ಅಂಗಿ ಹಾಕಿಕೊಂಡಿದ್ದ. ಮೇಲಿನ ಗುಂಡಿ ಕೆಳಗಿನ ತೂತಿಗೆ ಬಿದ್ದಿತ್ತು. ಕೆಟ್ಟದ್ದನ್ನೆಲ್ಲ ಒಂದೇ ಏಟಿಗೆ ಸರಿಮಾಡುವ ಉತ್ಸಾಹ ಅವನಿಗೆ ಬಂದಿತ್ತು.

ದಿನಕರ: ಹೆಂಗೂ ಬಂದಿದ್ರಿ, ನಿಶ್ಚಿತಾರ್ಥದ ದಿನ ನೋಡೇಬಿಡ್ವ. ಕ್ಯಾಲೆಂಡರ್ ಇದ್ರಲ್ಲೇ ಅದೆ.

ಬೀರಪ್ಪ: ಇದು ಯಾವ ಇಸ್ವಿಯದ್ದು?

ದಿನಕರ: ಈ ವರ್ಷದ್ದೇ.

ಬೀರಪ್ಪ: ಎರಡು ಸಾವಿರದ ಹನ್ನೊಂದು ಹೇಳಿ ಅದೆ. ಈ ಲೆಕ್ಕದಲ್ಲಿ ನಮ್ಮ ವಿಶಾಲ ಇನ್ನೂ ಎಂಟನೇ ಇಯತ್ತೆ. ಈಗ ಮದ್ವೆ ಮಾಡ್ರೆ ಪೊಲೀಸ್ರು ಬರ್ತ್ರು.

ವಿನಾಯಕ (ಫೋನಿನಿಂದ): ಬಾವಾ, ತಡಿ. ಇಸ್ವಿ ಎಷ್ಟು ಹೇಳ್ದ್ರು ಅವ್ರು?

ದಿನಕರ: ಹನ್ನೊಂದು.

ವಿನಾಯಕ: ನಿನ್ನೆಯಿಂದ ನನ್ನ ತಲೆ ತಿಂದದ್ದು ಇದಕ್ಕಾ? ಅದ್ರ ಒಳಗಿನ ಸಣ್ಣ ಬ್ಯಾಟರಿ ಸತ್ತದೆ. ಹಂಗಾಗಿ ತಾರೀಕು ಮರ್ತದೆ. ನೀ ತರ್ಸೂ ಪ್ಯಾಕೇಜೆಲ್ಲ ಈ ವರ್ಷದ್ದು. ಇನ್ನೂ ಹುಟ್ಟದೇ ಇದ್ದವ್ರು ಬಾಗ್ಲಿಗೆ ಬಂದು ನಿಂತ್ರೆ ಅದಾದ್ರೂ ಹೆಂಗೆ ನಂಬ್ತದೆ?

ದಿನಕರ: ಈಗ ಎಂತ ಮಾಡೂದು?

ವಿನಾಯಕ: ತಾರೀಕು ಸರಿ ಮಾಡು. ಬೇರೆ ಎಂತದಕ್ಕೂ ಕೈ ಹಚ್ಬೇಡ.

ದಿನಕರ ತಾರೀಕು ತಿದ್ದಿದ. ಪರದೆ ಸ್ವಲ್ಪ ಹೊತ್ತು ಆಲೋಚಿಸಿತು. ಆಮೇಲೆ ಸಾಲಿನ ಮೇಲೆ ಸಾಲು ಓಡತೊಡಗಿತು. ಬೀರಪ್ಪ ಬೆರಳಿಟ್ಟುಕೊಂಡು ಓದುತ್ತ ಹೋದರು, ದನಿ ಈಗ ಮಂಗಳಾಷ್ಟಕದವರ ಹಾಗೆ ಏರುತ್ತಿತ್ತು.

ಬೀರಪ್ಪ: ಸಹಿ ನಂಬಲಾಗಿದೆ. ಪೊಟ್ಟಣಗಳು ಬಂದಿವೆ. ನಾಲ್ಕು ಸಂಬಂಧಗಳು ಕೂಡಿಬಂದಿವೆ. ಚೊಲೊ ಆತು. ಕಡೆಗೆ ಇದೆಂತ, "ಮೊದಲಿನಿಂದ ಪ್ರಾರಂಭಿಸಲೇ?"

ದಿನಕರ: ಅದು ಆಫ್ ಆಗಿ ಮತ್ತೆ ಆನ್ ಆಗ್ತೆ ಹೇಳ್ತದೆ.

ಬೀರಪ್ಪ: ಅಡ್ಡಿಲ್ಲ, ಆಗ್ಲಿ. ನಾವೂ ಹಂಗೇ ಮಾಡ್ವ ತಂಗೀ. ನಾನು ಇವತ್ತು ಎಂತದೂ ಕೇಳ್ಲಿಲ್ಲ.

ಬೀರಪ್ಪ ಕೊಡೆಯನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿ ಮೆಟ್ಟಿಲಿಳಿದು ಹೋದರು. ಹೋಗಿಯೇಬಿಟ್ಟರೋ ಎಂದು ಸುಚಿತಾ ಕೌಂಟರಿನ ಮೇಲೆ ಬಾಗಿ ನೋಡುವಷ್ಟರಲ್ಲಿ, ಈಗಷ್ಟೇ ರಿಕ್ಷಾ ಇಳಿದವರಂತೆ ತಿರುಗಿ ಬಂದರು.

ಸುಚಿತಾ: ಬನ್ನಿ ಬೀರಪ್ಪಣ್ಣ, ಕೂತ್ಕಣಿ. ಮನೆಯಲ್ಲಿ ಎಲ್ಲಾ ಆರಾಮನಾ?

ಬೀರಪ್ಪ: ಆರಾಮು. ಮಾತು ಉದ್ದ ಮಾಡೂದಿಲ್ಲ ನಾನು. ನಮಗೆ ಒಪ್ಪಿಗೆ. ಅದನ್ನ ಹುಡುಗಿಯ ಅಪ್ಪನ ಎದುರೇ ಹೇಳ್ಬೇಕು ಹೇಳಿ ಬಂದೆ. ಎಲ್ಲಿ ಅವ್ರು?

ಸುಚಿತಾ ಪಕ್ಕಕ್ಕೆ ತಿರುಗಿದಳು. ಈಗಷ್ಟೇ ಅಲ್ಲಿ ನಿಂತಿದ್ದ ಗಂಡ ಇರಲಿಲ್ಲ.

ದಿನಕರ (ಒಳಗಿಂದ): ವಿನಾಯಕಾ, ಉಳಿದದ್ದೆಲ್ಲಾ ಆತು. ಈ ಪ್ರಿಂಟರ್ ಯಾರು ಹೇಳಿ ಮಾತ್ರ ಇದಕ್ಕೆ ಗುರ್ತೇ ಸಿಗ್ತಾ ಇಲ್ಲ.

ಸುಚಿತಾ ಅಡ್ಡಗೋಡೆ ಬಡಿಯಲು ಕೈ ಎತ್ತಿದಳು. ಬೀರಪ್ಪ ಬೇಡವೆಂದು ಸನ್ನೆ ಮಾಡಿ, ಕೊಡೆಯನ್ನು ಬೆಂಚಿನ ಮೇಲಿಟ್ಟು, ಅಂಗಿಯ ತೋಳನ್ನು ಒಂದೊಂದೇ ಮಡಿಕೆ ಮಡಿಸಿದರು.

ಬೀರಪ್ಪ: ನೀವು ಕೂತ್ಕಣಿ ತಂಗೀ. ಗುರ್ತು ಪರಿಚಯ ಮಾಡ್ಸೂದು ನನ್ನ ಕೆಲಸ.