ನಾಲ್ಕು ಪಾಲಿನ ಅತ್ತೆ, ಐದು ಗಡಿಯಾರ

ನಮ್ಮ ಅತ್ತೆಯ ಕೈಗೆ ಚಂದ್ರನನ್ನು ತಂದುಕೊಟ್ಟರೂ ಆಕೆ ಅದನ್ನು ನಾಲ್ಕು ಸಮಪಾಲು ಮಾಡುತ್ತಾಳೆ! ಅಷ್ಟಕ್ಕೇ ಬಿಡುವವಳೂ ಅಲ್ಲ. ಯಾವ ತುಂಡಿಗೆ ಕಲೆ ಜಾಸ್ತಿ ಬಂತು ಎಂದು ಕನ್ನಡಕ ಏರಿಸಿಕೊಂಡು ತಿರುಗಿಸಿ ನೋಡಿ, “ಇದು ಬೇಡ, ಕಲೆ ಇಲ್ಲದ್ದು ತಗೊಂಡ್ಬಾ” ಎಂದು ವಾಪಸ್ ಕಳಿಸುತ್ತಾಳೆ.

ನನ್ನ ಅಪ್ಪನ ಅಕ್ಕ ಈಕೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ಹೊರಮಾವಿನ ತವರಿಗೆ ಬಂದಳು. ಬಂದವಳು ತಾಯಿಯಿಲ್ಲದ ನಾಲ್ಕು ಜನ ತಮ್ಮಂದಿರನ್ನು ಸಾಕಿದಳು. ಆಗ ಹೊರಮಾವು ಇನ್ನೂ ಹಳ್ಳಿ, ಈಗಿನ ಅಪಾರ್ಟ್‌ಮೆಂಟುಗಳ ಜಾಗದಲ್ಲೆಲ್ಲ ಸೊಪ್ಪಿನ ಮಡಿ. ಅತ್ತೆ ಸೊಪ್ಪಿನ ಹೊರೆಯನ್ನು ಶಿವಾಜಿನಗರದ ಮಾರ್ಕೆಟ್ಟಿಗೆ ಹೊತ್ತು ಮಾರುತ್ತಿದ್ದಳು. ಅಲ್ಲೇ ತಮಿಳನ್ನೂ ಉರ್ದುವನ್ನೂ ಜಗಳಕ್ಕೆ ಸಾಕಾಗುವಷ್ಟು ಕಲಿತಳು. ಇದ್ದ ಒಂದು ಮುದ್ದೆಯನ್ನು ನಾಲ್ಕು ತಟ್ಟೆಗೆ ಹಂಚಬೇಕಾಗಿದ್ದ ದಿನಗಳಲ್ಲಿ ಹತ್ತಿದ ಈ ಸಮಪಾಲಿನ ಹುಚ್ಚು, ಮುದ್ದೆಗೆ ಬರವಿಲ್ಲದ ಕಾಲ ಬಂದ ಮೇಲೂ ಇಳಿಯಲಿಲ್ಲ.

ಮೈಸೂರುಪಾಕನ್ನು ಹೊಲಿಗೆ ದಾರದಲ್ಲಿ ಕತ್ತರಿಸುವವರನ್ನು ನೀವು ನೋಡಿದ್ದೀರಾ? ನಾನು ನೋಡಿಕೊಂಡೇ ಬೆಳೆದೆ. ಒಮ್ಮೆ ಪುಲಿಕೇಶಿನಗರದ ಸ್ಟುಡಿಯೋದಲ್ಲಿ ತಮ್ಮಂದಿರ ಫೋಟೋ ತೆಗೆಸಲು ಹೋದಾಗ ನಾಲ್ವರ ಎತ್ತರವೂ ಒಂದೇ ಇರಬೇಕೆಂದು ಹಟ ಹಿಡಿದಳು. ನಮ್ಮಪ್ಪ ಸ್ವಲ್ಪ ಕುಳ್ಳು. ಅವರ ಕಾಲಡಿಗೆ ಇಟ್ಟಿಗೆ ಬಂತು. ದೊಡ್ಡಪ್ಪ ಆರಡಿ ಆಳು, ಪಂಚೆಯೊಳಗೇ ಮಂಡಿ ಬಗ್ಗಿಸಿ ನಿಲ್ಲಬೇಕಾಯಿತು. ಆ ಫೋಟೋ ಈಗಲೂ ಇದೆ. ನಾಲ್ಕು ತಲೆ ಒಂದೇ ಗೆರೆಯಲ್ಲಿವೆ, ಅದರಲ್ಲೊಂದು ತಲೆ ಮಾತ್ರ ಹಲ್ಲು ಕಚ್ಚಿಕೊಂಡು ನೋವು ತಡೆಯುತ್ತಿದೆ!

ಕೊನೆಗೆ ತನ್ನನ್ನೇ ಪಾಲು ಮಾಡಿಕೊಂಡಳು. ತಮ್ಮಂದಿರು ಬೇರೆಯಾದ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಮೂರು ತಿಂಗಳು ಇರುವುದೆಂದು ಆಕೆಯ ತೀರ್ಮಾನ. ಮೂರು ತಿಂಗಳು ತುಂಬಿದ ದಿನ ಊಟದ ಮಧ್ಯದಲ್ಲಿದ್ದರೂ ಸರಿ, ಕೈತೊಳೆದು ಬಟ್ಟೆ ಗಂಟು ಎತ್ತಿಕೊಂಡು ಮುಂದಿನ ಮನೆಗೆ ಹೊರಡುವಳು. ತೊಂದರೆ ಬಂದದ್ದು ನಾಲ್ಕನೆಯ ಮನೆಯಲ್ಲಿ. ಅದು ಕೆ.ಆರ್. ಪುರದ ಚಿಕ್ಕಪ್ಪನ ಮನೆ. ಜಮೀನು ಭಾಗವಾದಾಗ ಚಿಕ್ಕಪ್ಪ ತಿಂಗಳುಗಟ್ಟಲೆ ಸಹಿ ಹಾಕದೆ ಸತಾಯಿಸಿದ್ದರು. ಅತ್ತೆ ಕೈಮುಗಿದು ಬೇಡಿಕೊಂಡ ಮೇಲೆ ಸಹಿ ಹಾಕಿ ಎದ್ದುಹೋದವರು ಮತ್ತೆ ಹೊರಮಾವಿನ ಕಡೆ ತಲೆ ಹಾಕಲಿಲ್ಲ. ಅವರ ಪಾಲು ಕೆರೆಯ ಕಡೆ ತಗ್ಗಿನಲ್ಲಿತ್ತು, ಅದೇ ಸಿಟ್ಟು ಎಂದು ಅತ್ತೆಯೂ ನಾವು ಮಕ್ಕಳೂ ನಂಬಿದ್ದೆವು. ಅತ್ತೆಯಂತೂ ಹಗ್ಗ ಹಿಡಿದು ಆ ಪಾಲನ್ನು ಎಷ್ಟು ಸಲ ಅಳೆದಳೋ! ಅಳೆದಾಗಲೆಲ್ಲ ಸರಿಯಾಗೇ ಇರುತ್ತಿತ್ತು. ಚಿಕ್ಕಪ್ಪ ಮಾತ್ರ ಬರುತ್ತಿರಲಿಲ್ಲ, ಅವರ ಪಾಲಿನ ಮೂರು ತಿಂಗಳನ್ನೂ ಅತ್ತೆ ಉಳಿದ ಮೂರು ಮನೆಗಳಿಗೇ ಹಂಚಿದಳು.

ಹೀಗಿರುವಾಗ ಉಳಿದ ಮೂವರು ತಮ್ಮಂದಿರು ಸೇರಿ ಅಕ್ಕನನ್ನು ಹಡಗಿನ ಪ್ರವಾಸಕ್ಕೆ ಕಳಿಸಿದರು. ಎರಡು ಸಾವಿರದ ಇಸವಿಯ ಆಸುಪಾಸು, ನಮ್ಮ ಕಡೆ ಸೈಟು ಮಾರಿದವರೆಲ್ಲ ಸಿಂಗಾಪುರಕ್ಕೆ ಹೋಗಿಬರುತ್ತಿದ್ದ ಕಾಲ. ಇಂದಿರಾನಗರದ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ನಾನು ಇಂಗ್ಲಿಷಿನ ಸಹಾಯಕ್ಕೆಂದು ಜೊತೆಗೆ ಹೊರಟೆ. ಸಿಂಗಾಪುರದಲ್ಲಿ ಹಡಗು ಹತ್ತುತ್ತಲೇ ಅತ್ತೆ ತನ್ನ ಯೋಜನೆ ಹೇಳಿದಳು.

“ನೋಡಮ್ಮಿ, ಏನೇ ತಗೊಂಡ್ರೂ ನಾಲ್ಕು ತಗೋಬೇಕು. ನಾಲ್ಕೂ ಒಂದೇ ತರ ಇರ್ಬೇಕು. ಅದನ್ನ ಹಿಡ್ಕೊಂಡು ಚಿಕ್ಕೋನ ಮನೆಗೆ ಹೋಗ್ತೀನಿ. ಎಲ್ರಿಗೂ ಕೊಟ್ಟಷ್ಟೇ ನಿಂಗೂ ಕೊಟ್ಟಿದೀನಿ ಕಣೋ ಅಂತೀನಿ. ಆಗ ಬರ್ದೆ ಎಲ್ಲಿಗೋಯ್ತಾನೆ?”

ಹಡಗು ಮಲೇಷ್ಯಾದ ಪೆನಾಂಗಿಗೆ ಬಂದ ಬೆಳಿಗ್ಗೆ ಮಳೆ ಹಿಡಿಯಿತು. ಸಂಜೆ ಐದಕ್ಕೆ ಎಲ್ಲರೂ ಹಡಗಿನಲ್ಲಿರಬೇಕು, ತಪ್ಪಿದವರಿಗೆ ಕಾಯುವುದಿಲ್ಲ ಎಂದು ನಮ್ಮ ಗೈಡು ಮೈಕಿನಲ್ಲಿ ಬೆದರಿಸಿದ. ಬುದ್ಧಿ ಇದ್ದವರು ಹಡಗಿನಲ್ಲೇ ಕಾಫಿ ಕುಡಿಯುತ್ತ ಕೂತರು. ನಾವಿಬ್ಬರು ಒಂದು ಛತ್ರಿಯಡಿ ಇಳಿದೆವು. ಛತ್ರಿಯೂ ಸಮಪಾಲು, ಹಾಗಾಗಿ ನನ್ನ ಎಡಭುಜ, ಅತ್ತೆಯ ಬಲಭುಜ ಒಂದೇ ಅಳತೆಗೆ ಒದ್ದೆಯಾದವು.

ಅಂಗಡಿ ಹತ್ತಿದೆವು, ಇಳಿದೆವು. ಬಣ್ಣದ ಬೀಸಣಿಗೆ ಬೇಡ, ಕೈಯಲ್ಲಿ ಬರೆದದ್ದು, ಒಂದರ ಹೂವು ಇನ್ನೊಂದಕ್ಕಿಲ್ಲ. ಚಿಪ್ಪಿನ ಆಮೆ ಬೇಡ, ಬಾಲವನ್ನು ಬೆರಳಲ್ಲಿ ಅಳೆದಾಗ ವ್ಯತ್ಯಾಸ ಬಂತು. ಚಾಕಲೇಟ್ ತಗೋ ಅತ್ತೆ, ಡಬ್ಬಿಯ ಮೇಲೆ ತೂಕವನ್ನೇ ಹಾಕಿದ್ದಾರೆ ಎಂದೆ. “ತಿಂದ್ಮೇಲೆ ಸಾಕ್ಷಿ ಎಲ್ಲಿರುತ್ತೆ?” ಎಂದಳು.

ಮಧ್ಯಾಹ್ನದ ಹೊತ್ತಿಗೆ ಒಂದು ಗಡಿಯಾರದ ಅಂಗಡಿ ಸಿಕ್ಕಿತು. ಅಂಗಡಿಯಾತ ತಮಿಳು ಸಾಯಿಬರು, ಬಿಳಿ ಗಡ್ಡ, ತಲೆಗೆ ಟೋಪಿ. ಗೋಡೆಗೆ ತೂಗುಹಾಕುವ ಹಡಗಿನ ಆಕಾರದ ಗಡಿಯಾರಗಳಿದ್ದವು. ಗಂಟೆಗೊಮ್ಮೆ ಅವು ಹಡಗಿನ ಹಾಗೆಯೇ “ಭೋಂ” ಎಂದು ಕೂಗುತ್ತವೆ. ಯಂತ್ರದಲ್ಲಿ ಮಾಡಿದ ಮಾಲು, ಒಂದಕ್ಕೊಂದು ಕೂದಲಷ್ಟೂ ವ್ಯತ್ಯಾಸವಿಲ್ಲ. ಅತ್ತೆಯ ಮುಖ ಅರಳಿತು. ಮಾರ್ಕೆಟ್ಟಿನ ತಮಿಳನ್ನು ಹೊರಗೆಳೆದು ಚೌಕಾಸಿಗೆ ನಿಂತಳು. ಆತ ಎದೆ ಮುಟ್ಟಿಕೊಂಡ, ಈಕೆ ಎರಡು ಸಲ ಅಂಗಡಿಯಿಂದ ಇಳಿದು ಮಳೆಯಲ್ಲಿ ನಿಂತಳು, ಆತ ಎರಡು ಸಲವೂ ಕರೆದ. ವ್ಯಾಪಾರ ಮುಗಿದಾಗ ಇಬ್ಬರಿಗೂ ಎಂಥ ಸಂತೋಷ! ಬೆಳಗಿನಿಂದ ಮಳೆಗೆ ಒಂದು ನರಪಿಳ್ಳೆಯೂ ಬಂದಿಲ್ಲ, ನೀವೇ ಬೋಣಿ ಎಂದ ಆತ, ಇನ್ನೊಂದು ಗಡಿಯಾರವನ್ನು ತೆಗೆದು ಅತ್ತೆಯ ಕೈಗಿಟ್ಟು, “ಇದು ಉಂಗಳುಕ್ಕು, ಅಕ್ಕಾ” ಎಂದ. ಇದು ನಿಮಗೆ ಅಂತ.

ಬಿಟ್ಟಿ ಗಡಿಯಾರ ಸಿಕ್ಕರೆ ಯಾರಾದರೂ ಹಿಗ್ಗುತ್ತಾರಲ್ಲವೇ? ಅತ್ತೆಯ ಮುಖ ಸುಣ್ಣವಾಯಿತು. ಬೋಣಿಯ ಹೊತ್ತಿನಲ್ಲಿ ಖುಷಿಯಿಂದ ಕೊಟ್ಟದ್ದನ್ನು ಬೇಡವೆಂದರೆ ಅಂಗಡಿಗೆ ಕೇಡು ಎಂದು ಸೊಪ್ಪು ಮಾರಿದವಳಿಗೆ ಗೊತ್ತು. ತೆಗೆದುಕೊಂಡರೆ ಐದಾಗುತ್ತದೆ.

“ಐದಾಯ್ತಲ್ಲೇ!” ಎಂದಳು ಬೀದಿಗೆ ಬಂದು. “ಐದನ್ನ ನಾಲ್ಕು ಜನಕ್ಕೆ ಹೆಂಗೇ ಹಂಚೋದು?”

“ಒಂದು ಜಾಸ್ತಿ ಇದ್ರೆ ಏನಾಯ್ತು ಅತ್ತೆ?”

“ಏನಾಯ್ತಾ? ಚಿಕ್ಕೋನ ಕಿವಿಗೆ ಬಿದ್ರೆ? ಐದು ತಂದ್ಲಂತೆ, ನಂಗೆ ಒಂದೇ ಕೊಟ್ಲು, ಇನ್ನೊಂದು ಯಾರಿಗೆ ಮುಚ್ಚಿಟ್ಟವ್ಳೆ ಅನ್ನಲ್ವಾ? ಇರೋ ಒಂದು ದಾರೀನೂ ಮುಚ್ಚೋಯ್ತದೆ ಕಣೆ.”

ಅಲ್ಲಿಂದ ಶುರುವಾಯಿತು ಐದನೆಯ ಗಡಿಯಾರವನ್ನು ಕಳೆದುಕೊಳ್ಳುವ ಸಾಹಸ. ಮೊದಲು ಒಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಮರೆತಂತೆ ಬಿಟ್ಟು ಸರಸರನೆ ನಡೆದೆವು. ಹಿಂದಿನಿಂದ ಕೂಗು ಕೇಳಿಸಿತು. ಶಾಲೆಯ ಟೀಚರಿನಂತಿದ್ದ ಹೆಂಗಸೊಬ್ಬಳು ಛತ್ರಿ ಬಿಟ್ಟು ತೊಪ್ಪೆಯಾಗಿ ಓಡಿಬಂದು ಗಡಿಯಾರವನ್ನು ಕೈಗಿಟ್ಟಳು. ಅತ್ತೆ ಕನ್ನಡದಲ್ಲಿ ಬೈದಳು, ಆಕೆ ಅದನ್ನು ಆಶೀರ್ವಾದವೆಂದು ತಿಳಿದು ತಲೆಬಾಗಿಸಿದಳು. ಆಮೇಲೆ ನಮ್ಮನ್ನು ಬಂದರಿಗೆ ಕರೆತಂದ ಸೈಕಲ್‌ರಿಕ್ಷಾದವನಿಗೆ ಕೊಟ್ಟೆವು. ಅವನು ಅದನ್ನು ಬಾಡಿಗೆಯ ಬದಲು ಕೊಡುತ್ತಿದ್ದಾರೆಂದು ತಿಳಿದು ಕೂಗಾಡಿದ. ಬಾಡಿಗೆಯನ್ನೂ ಕೊಟ್ಟಾಗ ಇದರಲ್ಲೇನೋ ಮೋಸವಿದೆಯೆಂದು ಗಡಿಯಾರವನ್ನು ನನ್ನ ಮಡಿಲಿಗೆ ಎಸೆದು ಹೋದ. ಪ್ರಪಂಚದಲ್ಲಿ ವಸ್ತುಗಳು ಎಷ್ಟು ಸುಲಭವಾಗಿ ಕಳೆದುಹೋಗುತ್ತವೆ, ನಾವೇ ಕಳೆಯಲು ಹೊರಟರೆ ಎಷ್ಟು ಕಷ್ಟ!

ಬಂದರಿನ ಎದುರು ತಗಡಿನ ಚಪ್ಪರದ ಕೆಳಗೆ ಸ್ವಲ್ಪ ನಿಂತೆವು. ನಮ್ಮ ಹಡಗಿನವರೇ ಹತ್ತಾರು ಮಂದಿ ಅಲ್ಲಿ ಟೀ ಶರ್ಟು ಕೊಳ್ಳುತ್ತಿದ್ದರು. ಅಷ್ಟರಲ್ಲಿ ನಮ್ಮ ಚೀಲದಲ್ಲಿದ್ದ ಗಡಿಯಾರಗಳಿಗೆ ನಾಲ್ಕು ಗಂಟೆಯಾಯಿತು. ಅಂಗಡಿಯವನು ಪರೀಕ್ಷೆಗೆಂದು ಹಾಕಿದ ಬ್ಯಾಟರಿಗಳನ್ನು ತೆಗೆದಿರಲಿಲ್ಲ. ಐದೂ ಒಟ್ಟಿಗೆ “ಭೋಂ” ಎಂದವು! “ಅಯ್ಯೋ, ಹಡಗು ಹೊರಡ್ತು!” ಎಂದು ಜಯನಗರದ ದಂಪತಿಗಳು ಕೂಗಿದರು. ಆಮೇಲೆ ನೋಡಬೇಕಿತ್ತು. ಅರ್ಧ ಹಾಕಿಕೊಂಡ ಟೀ ಶರ್ಟಿನಲ್ಲೇ ಒಬ್ಬರು ಓಡಿದರು. ಅಂಗಡಿಯವಳು ಅವರ ಹಿಂದೆ ಓಡಿದಳು, ಗೈಡು ಎಲ್ಲರ ಹಿಂದೆ ಓಡಿದ. ಏನಾಯಿತೆಂದು ತಿಳಿಯದೆ ಅತ್ತೆಯೂ ಓಡಿದಳು, ನಾನೂ ಓಡಿದೆ. ಹಡಗು ಹೊರಡಲು ಇನ್ನೂ ಒಂದು ಗಂಟೆ ಇತ್ತು.

ಹಡಗಿನ ಬಾಗಿಲಲ್ಲಿ ಚೀಲ ತಪಾಸಣೆ. ಟಿಕ್ ಟಿಕ್ ಎನ್ನುವ ಐದು ಡಬ್ಬಿಗಳನ್ನು ನೋಡಿ ಕಾವಲು ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದ. ಇಷ್ಟೊಂದು ಯಾಕೆ ಎಂದ ಇಂಗ್ಲಿಷಿನಲ್ಲಿ. ನಾಲ್ಕು ಜನ ತಮ್ಮಂದಿರಿಗೆ ಎಂದೆ. ಆತ ಬೆರಳು ಮಡಿಚಿ ಎಣಿಸಿ, ಹಾಗಾದರೆ ಐದನೆಯದು ಯಾರಿಗೆ ಎಂದ.

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

“ನಂಗೇನ್ ಗೊತ್ತು? ಬೆಳಗಿಂದ ಅದನ್ನೇ ಅಲ್ವಾ ಯೋಚ್ನೆ ಮಾಡ್ತಿರೋದು! ಅವನಿಗೇ ಇಟ್ಕೊಳ್ಳೋಕೆ ಹೇಳು.”

ನಾನು ಹೇಳಿದೆ. ಲಂಚ ತೆಗೆದುಕೊಳ್ಳುವುದಿಲ್ಲವೆಂದು ಆತ ಕೆಂಪಗಾದ. ಅತ್ತೆ ಆತನಿಗೆ ಜಮೀನು ಭಾಗದ ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು. ನಾನು ಕೆರೆ, ತಗ್ಗು, ಹಗ್ಗ ಎಂದು ಇಂಗ್ಲಿಷಿನಲ್ಲಿ ತಡಕಾಡಿದೆ. ನಮ್ಮ ಹಿಂದಿನ ಸಾಲು ಬೆಳೆಯುತ್ತಲೇ ಹೋಯಿತು. ಕೊನೆಗೆ ಆತ ತಲೆ ಹಿಡಿದುಕೊಂಡು ಐದನ್ನೂ ಒಳಗೆ ಬಿಟ್ಟ.

ಬೆಂಗಳೂರಿಗೆ ಬಂದು ಮೂರು ಮನೆಗಳಿಗೆ ಮೂರು ಕೊಟ್ಟಾಯಿತು. ಒಂದು ಭಾನುವಾರ ನಾನೂ ಅತ್ತೆಯೂ ಕೆ.ಆರ್. ಪುರಕ್ಕೆ ಹೋದೆವು. ಐದನೆಯದು ಬಟ್ಟೆಯ ಕೆಳಗೆ ಅವಳ ಚೀಲದ ತಳದಲ್ಲಿತ್ತು, ಯಾವ ಮನೆಯಲ್ಲೂ ಬಿಡಲು ಧೈರ್ಯವಾಗದೆ ಹೊತ್ತುಕೊಂಡೇ ತಿರುಗುತ್ತಿದ್ದಳು.

ಚಿಕ್ಕಪ್ಪ ಬಾಗಿಲು ತೆಗೆದರು. ಕೂದಲು ನೆರೆತಿತ್ತು. “ಬಾ ಅಕ್ಕ” ಎಂದಷ್ಟೇ ಅಂದರು. ಅತ್ತೆ ಕೂರುವ ಮೊದಲೇ ಗಡಿಯಾರವನ್ನು ಚಾಚಿದಳು. “ಎಲ್ರಿಗೂ ಕೊಟ್ಟಿದ್ದೇ ಕಣೋ ನಿಂಗೂ. ಒಂಚೂರು ಹೆಚ್ಚಿಲ್ಲ, ಕಮ್ಮಿ ಇಲ್ಲ. ಬೇಕಾದ್ರೆ ಅಳೆದು ನೋಡು.” ಚಿಕ್ಕಪ್ಪ ಅದನ್ನು ಮುಟ್ಟಲಿಲ್ಲ.

ಆಗ ಅತ್ತೆಯ ಕೈಯದು “ಭೋಂ” ಎಂದಿತು, ಜೊತೆಗೇ ಚೀಲದ ತಳದಿಂದಲೂ ಇನ್ನೊಂದು “ಭೋಂ”.

ಚಿಕ್ಕಪ್ಪ ಚೀಲಕ್ಕೆ ಕೈ ಹಾಕಿ ಐದನೆಯದನ್ನು ಹೊರತೆಗೆದರು. “ಇದು ಯಾರ್ದು?”

“ಯಾರ್ದೂ ಅಲ್ಲ ಕಣೋ, ದೇವರಾಣೆ! ಅಂಗಡಿಯೋನು ಬಿಟ್ಟಿ ಕೊಟ್ಟ. ದೊಡ್ಡೋನಿಗೂ ಕೊಟ್ಟಿಲ್ಲ, ಯಾರಿಗೂ ಮುಚ್ಚಿಟ್ಟಿಲ್ಲ. ಬೇಕಾದ್ರೆ ಎರಡೂ ನೀನೇ ಇಟ್ಕೊಂಡ್ಬಿಡು” ಎಂದು ಅತ್ತೆ ಅಳಲು ಶುರುಮಾಡಿದಳು.

“ಅಕ್ಕ, ಇದು ನಿಂದು.”

“ನಂದಾ?”

ಅತ್ತೆ ನನ್ನ ಕಡೆ ತಿರುಗಿದಳು, ತರ್ಜುಮೆ ಮಾಡು ಎನ್ನುವಂತೆ. ಅಂಗಡಿಯಾತ ನಮ್ಮಿಬ್ಬರ ಎದುರೇ ನಿಮಗೆ ಎಂದು ಹೇಳಿಯೇ ಕೊಟ್ಟಿದ್ದ. ಮಳೆಯಲ್ಲಿ ಇಡೀ ಊರು ಸುತ್ತಿ, ಬೆಂಚಿಗೆ, ರಿಕ್ಷಾದವನಿಗೆ, ಕಾವಲಿನವನಿಗೆ ಕೊಡಲು ಹೊರಟ ನಮಗೆ ಅದನ್ನು ಅತ್ತೆಯೇ ಇಟ್ಟುಕೊಳ್ಳಬಹುದೆಂದು ಹೊಳೆಯಲೇ ಇಲ್ಲ. ನನಗೆ ಬಹಳ ನಾಚಿಕೆಯಾಯಿತು.

“ಜಮೀನು ಭಾಗ ಮಾಡೋವಾಗ್ಲೂ ಇದನ್ನೇ ಹೇಳ್ದೆ” ಎಂದರು ಚಿಕ್ಕಪ್ಪ. “ಅಕ್ಕಂದೂ ಸೇರ್ಸಿ ಐದು ಪಾಲು ಮಾಡಿ, ಇಲ್ದಿದ್ರೆ ಸೈನ್ ಹಾಕಲ್ಲ ಅಂದೆ. ಅಣ್ಣಂದಿರು ನಕ್ಬಿಟ್ರು, ನಿನ್ನ ಕಿವಿಗೂ ಹಾಕ್ಲಿಲ್ಲ. ನೀನು ಹಗ್ಗ ತಂದು ನನ್ನ ಪಾಲನ್ನೇ ಅಳೆದೆ. ಕೈಮುಗಿದು ಸೈನ್ ಹಾಕಿಸ್ದೆ. ಆಮೇಲೆ ನೀನು ಗಂಟು ಎತ್ಕೊಂಡು ಮನೆಯಿಂದ ಮನೆಗೆ ತಿರ್ಗೋದನ್ನ ನಂಗೆ ನೋಡೋಕಾಗ್ಲಿಲ್ಲ. ಕರೆಯೋಕೂ ಮುಖ ಇರ್ಲಿಲ್ಲ. ನಾನೂ ಸೈನ್ ಹಾಕ್ದೋನೇ ಅಲ್ವಾ?”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನಗಲು ನೋಡಿದಳು. “ನಂಗ್ಯಾಕೋ ಗಡಿಯಾರ? ಯಾವ ಗೋಡೆಗೆ ಹಾಕ್ಲಿ?”

ನಮಗ್ಯಾರಿಗೂ ನಗು ಬರಲಿಲ್ಲ. ಚಿಕ್ಕಪ್ಪ ಒಳಗೆ ಹೋಗಿ ಸುತ್ತಿಗೆ, ಮೊಳೆ ತಂದರು. ಪಕ್ಕದ ಕೋಣೆಯ ಬಾಗಿಲು ತೆಗೆದು, ಒಂಟಿ ಮಂಚದ ಎದುರಿನ ಗೋಡೆಗೆ ಸ್ಟೂಲು ಹಾಕಿಕೊಂಡು ಹತ್ತಿ, “ಎಲ್ಲಿಗೆ ಹೊಡೀಲಿ ಅಕ್ಕ?” ಎಂದರು.

ಅತ್ತೆ ಬಾಗಿಲು ದಾಟಿ ಒಳಗೆ ಬಂದಳು. ಆಮೇಲೆ ಮಂಚದ ಮೇಲೆ ಕೂತಳು. ಕಾಲು ಮೇಲೆ ತೆಗೆದುಕೊಂಡು ಉದ್ದಕ್ಕೆ ಮಲಗಿ ಗೋಡೆ ನೋಡಿದಳು.

“ಇನ್ನೊಂಚೂರು ಮೇಲಕ್ಕೆ ಹೊಡಿಯೋ” ಎಂದಳು, “ಮಲಗಿದ್ರೆ ಕಾಣ್ಬೇಕು ನಂಗೆ.”