ಗರಗಸದ ಮೇಲೆ ನೆಟ್ಟಗೆ ನಿಲ್ಲದ ನಾಣ್ಯ

ಅಮಾವಾಸ್ಯೆ, ಮುಂಜಾನೆ ಏಳು ಗಂಟೆ. ಸ್ಥಳ, ಬನಹಟ್ಟಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಗಂಗವ್ವ ಮತ್ತು ಮೇಜಿನ ಮೇಲೆ ಕುಳಿತಿದ್ದ ಮೂರನೆಯ ಗರಗಸ ಯಂತ್ರ. ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು. ಏನು ಬರೆಯಲು ಕುಳಿತರೂ ಮೊದಲು ಹಾಜರಿ ತೆಗೆದುಕೊಳ್ಳದಿದ್ದರೆ ಕೈ ಮುಂದೆ ಓಡುವುದಿಲ್ಲ. ವೇಳೆಗೆ ಸರಿಯಾಗಿ ಏಳುವವನ ಬುದ್ಧಿಯೂ ವೇಳೆಗೆ ಸರಿಯಾಗಿ ಏಳುತ್ತದೆ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ದಿನಾಲು ಒಂದೇ ಹೊತ್ತಿಗೆ ಸ್ನಾನ, ಒಂದೇ ಹೊತ್ತಿಗೆ ರೊಟ್ಟಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯ ಡಬ್ಬಿಗಳ ಕವಾಯತು. ಹೀಗೆ ಬದುಕಿದವನು ಪೇಟೆಯಲ್ಲಿ ಮೋಸಹೋಗುವುದುಂಟೇ? ಹೋಗುವುದಿಲ್ಲ, ನಿಜ. ಆದರೆ ಮನೆಯಲ್ಲೇ ಕುಳಿತು ತನಗೆ ತಾನೇ ಮೋಸ ಮಾಡಿಕೊಳ್ಳುವುದಕ್ಕೆ ಯಾವ ದಿನಚರಿಯೂ ಅಡ್ಡ ಬರುವುದಿಲ್ಲ.

ಡಬ್ಬಿಗಳ ಕವಾಯತು ಎಂದರೆ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ಇಟ್ಟ ಹಿಟ್ಟು, ಬೇಳೆ, ಬೆಲ್ಲದ ಡಬ್ಬಿಗಳು ಸಂಜೆಯ ಹೊತ್ತಿಗೆ ತಾವಾಗಿ ಅಂಚಿಗೆ ಬಂದು ನಿಲ್ಲುತ್ತವೆ. ನಾನು ಒಂದೊಂದನ್ನೇ ಹಿಂದಕ್ಕೆ ತಳ್ಳಿ, ಗೋಡೆಗೆ ತಾಗಿಸಿ, ಎತ್ತರದ ಪ್ರಕಾರ ಸಾಲು ಮಾಡುತ್ತೇನೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಡೆದಿರುವ ಕೆಲಸ. ಡಬ್ಬಿಗಳು ಯಾಕೆ ಮುಂದೆ ಬರುತ್ತವೆ ಎಂದು ಒಮ್ಮೆಯೂ ಕೇಳಿಕೊಂಡವನಲ್ಲ. ಹುಡುಗರು ಸಾಲು ಕೆಡಿಸುವುದಿಲ್ಲವೇ, ಹಾಗೆಯೇ ಇದೂ ಅಂದುಕೊಂಡಿದ್ದೆ.

ಈ ಗರಗಸದ ಉಸಾಬರಿ ನನ್ನ ತಲೆಗೆ ಕಟ್ಟಿದವನು ಪಕ್ಕದ ಮನೆಯ ಮಲ್ಲಪ್ಪ. ಅವನ ಮನೆಗೂ ನಮ್ಮ ಮನೆಗೂ ಗೋಡೆ ಒಂದೇ. ಆ ಕಡೆ ಅವನ ಪಾವರ್‌ಲೂಮ್ ಮಗ್ಗಗಳು, ಈ ಕಡೆ ನಮ್ಮ ಪಡಸಾಲೆ. ತಿಮ್ಮಾಪುರದಿಂದ ಒಂದು ಮುಧೋಳ ನಾಯಿಯ ಮರಿ ತಂದು ಸಾಕಿ, ಅದಕ್ಕೆ ರಾಜಾ ಎಂದು ಹೆಸರಿಟ್ಟು, ಓಣಿಯಲ್ಲಿ ಅದರ ಹಿಂದೆ ಓಡಾಡುವುದು ಅವನ ಶೋಕಿ. ಊರ ಹೊರಗೆ ಹೊಸ ಮನೆ ಕಟ್ಟಿಸಿದ. ಒಂದು ದಿನ ನನ್ನ ಮುಂದೆ ಬಂದು ಕುಳಿತು, “ಮಾಸ್ತರ, ಹೊಸ ಮನಿ ಬಾಗಲಕ್ಕ ಒಂದ್ ಫಲಕ ಮಾಡಿ ಕೊಡ್ರಿ. ನಮ್ಮವ್ವನ ಹೆಸರು, ಬಾಜೂಕ ನಮ್ಮ ರಾಜಾ ನಿಂತಂಗ. ಕಟಿಗಿದು ಬೇಕ್ರಿ. ಅಂಗಡ್ಯಾಗಿನ ಪಿಲಾಸ್ಟಿಕ್ ನಮ್ಮವ್ವಗ ಒಪ್ಪೂದಿಲ್ಲ” ಎಂದ.

ನಿವೃತ್ತಿಯ ನಂತರ ಕೈಗರಗಸದಿಂದ ಹೂಬಳ್ಳಿ, ನವಿಲು ಕತ್ತರಿಸಿ ಓಣಿಯಲ್ಲಿ ಸ್ವಲ್ಪ ಹೆಸರು ಮಾಡಿದ್ದೆ. ಆ ಹೆಸರೇ ಮುಳುವಾಯಿತು. “ಗೃಹಪ್ರವೇಶದ ಹಿಂದಿನ ದಿನ ಸಂಜೆ ಫಲಕ ನಿನ್ನ ಕೈಯಲ್ಲಿರುತ್ತದೆ” ಎಂದು ಮಾತು ಕೊಟ್ಟೆ. ತಡವಾಗಿ ಬಂದ ಹುಡುಗರನ್ನು ಜೀವಮಾನವೆಲ್ಲ ಮೈದಾನದ ಸುತ್ತ ಓಡಿಸಿದವನು ತಾನು ಹೇಳಿದ ವೇಳೆ ತಪ್ಪಿದರೆ ಊರಿನಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ನನ್ನ ಕೈಯಲ್ಲಿ ಓಡಿದವರೆಲ್ಲ ಈಗ ಇದೇ ಪೇಟೆಯಲ್ಲಿ ಅಂಗಡಿ ಹಾಕಿ, ನೂಲು ಮಾರುತ್ತ, ನಾನು ಯಾವಾಗ ತಪ್ಪುತ್ತೇನೆ ಎಂದು ಕಾಯುತ್ತಿದ್ದಾರೆ.

ಚಿತ್ರ ಬರೆದುಕೊಳ್ಳಲು ರಾಜಾನನ್ನು ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. ಅಭ್ಯಾಸಬಲದಿಂದ ಗಂಟಲು ತೆಗೆದು “ಸಾವಧಾನ್!” ಎಂದೆ. ಮಲ್ಲಪ್ಪ ನೆಟ್ಟಗೆ ನಿಂತ. ನಾಯಿ ಮಾತ್ರ ನನ್ನ ಚಪ್ಪಲಿ ಕಚ್ಚಿಕೊಂಡು ಓಡಿತು. ಕೊನೆಗೆ ಓಡುವಾಗ ಕಂಡಷ್ಟನ್ನೇ ನೆನಪಿಟ್ಟು ಬರೆದೆ. ಮುಧೋಳ ನಾಯಿಗೆ ಸೊಂಟ ಎನ್ನುವುದು ಹೆಸರಿಗೆ ಮಾತ್ರ. ಕಾಲುಗಳು ಜೋಳದ ದಂಟು. ಕೈಗರಗಸ ಆಡಿಸುತ್ತಿದ್ದಂತೆ ಮೊದಲ ನಾಯಿಯ ಕಾಲು ಮುರಿಯಿತು, ಎರಡನೆಯದರ ಬಾಲ ಹೋಯಿತು. ಮುರಿಯದಿರಲಿ ಎಂದು ಮೂರನೆಯದನ್ನು ದಪ್ಪಗೆ ಉಳಿಸಿದೆ. ಗಂಗವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಕುರಿ ಛಲೋ ಬಂದೈತಿ ನೋಡ್ರಿ. ಉಣ್ಣೆ ಕತ್ತರಸೂದಷ್ಟ ಬಾಕಿ” ಎಂದಳು. ಯಂತ್ರವಿಲ್ಲದೆ ಗತಿಯಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ಆ ಯಂತ್ರಕ್ಕೆ ಸ್ಕ್ರೋಲ್ ಸಾ ಎನ್ನುತ್ತಾರೆ. ದಾರದಂಥ ತೆಳು ಅಲಗು ನಿಂತಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ. ನಾವು ಹಲಗೆಯನ್ನು ತಿರುಗಿಸುತ್ತ ಹೋದರೆ ಬೇಕಾದ ಆಕಾರ ಬರುತ್ತದೆ. ಹೊಲಿಗೆ ಯಂತ್ರದ ದೂರದ ಸಂಬಂಧಿಯೇ, ಕೂಡಿಸುವ ಬದಲು ಬೇರೆ ಮಾಡುವ ಸ್ವಭಾವದ್ದು. ಕೊಳ್ಳುವ ಮೊದಲು ಊರವರ ಸಲಹೆ ಕೇಳಿದ್ದು ನನ್ನ ತಪ್ಪು. ಮಗ್ಗದ ಊರಿನಲ್ಲಿ ಯಂತ್ರದ ಯೋಗ್ಯತೆ ಅದರ ಸಪ್ಪಳದಲ್ಲಿದೆ. “ದನಿ ಇಲ್ಲದ ಮಷೀನ ಮಷೀನ ಏನ್ರೀ?” ಎಂದು ಒಬ್ಬ ಕೇಳಿದ. ಇನ್ನೊಬ್ಬ ಎತ್ತಿ ನೋಡಿ ಭಾರವಾದದ್ದನ್ನೇ ತೆಗೆದುಕೊಳ್ಳಬೇಕೆಂದ. ಅವನು ಮಹಾಲಿಂಗಪುರದಲ್ಲಿ ಬೆಲ್ಲದ ವ್ಯಾಪಾರಿ.

ನಾನು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ ಶಾಸ್ತ್ರೋಕ್ತವಾಗಿ ಕಲಿತೆ. ಅಲಗಿನ ತುದಿಗೆ ಅಡ್ಡ ಮೊಳೆ ಇರುವ ಯಂತ್ರ ಬೇಡ; ಅಕ್ಷರದ ಒಳಭಾಗ ಬಿಡಿಸಲು ಅಲಗನ್ನು ಒಂದು ತೂತಿನಿಂದ ತೂರಿಸಬೇಕು, ಆ ಮೊಳೆಯೂ ಹಿಡಿಸುವಷ್ಟು ದೊಡ್ಡ ತೂತು ಕೊರೆದರೆ ನಮ್ಮ ದುಂಡು ದುಂಡು ಅಕ್ಷರಗಳ ಹೊಟ್ಟೆಯೇ ಹರಿದುಹೋಗುತ್ತದೆ. ವೇಗ ಹೆಚ್ಚು ಕಡಿಮೆ ಮಾಡುವ ತಿರುಗಣೆ ಇರಬೇಕು. ಎಲ್ಲಕ್ಕಿಂತ ಮುಖ್ಯ, ಯಂತ್ರ ಅಲುಗಬಾರದು. ಅದಕ್ಕೊಂದು ಪರೀಕ್ಷೆಯಿದೆ. ಯಂತ್ರವನ್ನು ಚಾಲೂ ಮಾಡಿ ಅದರ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ನಿಂತರೆ ಯಂತ್ರ ಉತ್ತಮ. ನನಗೆ ಈ ಪರೀಕ್ಷೆ ಬಹಳ ಹಿಡಿಸಿತು. ನೆಟ್ಟಗೆ ನಿಲ್ಲಿಸುವುದೇ ನನ್ನ ವೃತ್ತಿಯಲ್ಲವೇ?

ಜಮಖಂಡಿಯಲ್ಲಿ ದುಂಡಪ್ಪನ ಹಾರ್ಡ್‌ವೇರ್ ಅಂಗಡಿ. ದುಂಡಪ್ಪ ನನ್ನ ಶಿಷ್ಯ. ಎರಡು ಬಸ್ಸು ಬಿಟ್ಟು ಮೂರನೆಯದು ಹಿಡಿಯುವಷ್ಟು ಹೊತ್ತು ನಾನು ಪ್ರಶ್ನೆ ಕೇಳಿದ ಮೇಲೆ ಅವನು ಕೈಮುಗಿದು, “ಸರ, ಹೆಣ್ಣ ನೋಡಾಕ ಹೋದಾಗರೆ ಇಷ್ಟ ಕೇಳಿದ್ರಿಲ್ಲೋ?” ಎಂದ. ಇಲ್ಲ, ಆಗ ಕೇಳಿರಲಿಲ್ಲ. ಆ ವಿಷಯವನ್ನು ಗಂಗವ್ವ ಇವತ್ತಿಗೂ ಬೇರೆ ಅರ್ಥದಲ್ಲಿ ಆಡಿ ತೋರಿಸುತ್ತಾಳೆ. ಅಂಗಡಿಯ ಕಟ್ಟೆಯ ಮೇಲೆ ಯಂತ್ರ ಓಡಿಸಿ ಹತ್ತು ರೂಪಾಯಿಯ ನಾಣ್ಯ ಇಟ್ಟೆ. ಗಣರಾಜ್ಯ ದಿನದ ಹುಡುಗನ ಹಾಗೆ ಎದೆ ಸೆಟೆದು ನಿಂತಿತು. ಖುಷಿಯಿಂದ ಯಂತ್ರವನ್ನು ಬಸ್ಸಿಗೆ ಹಾಕಿಕೊಂಡು ಬನಹಟ್ಟಿಗೆ ಬಂದೆ. ಪಡಸಾಲೆಯ ಮೇಜಿನ ಮೇಲಿಟ್ಟು ಚಾಲೂ ಮಾಡಿ ನಾಣ್ಯ ನಿಲ್ಲಿಸಿದೆ. ಬಿತ್ತು. ಮತ್ತೆ ನಿಲ್ಲಿಸಿದೆ, ಮತ್ತೆ ಬಿತ್ತು. ಕೆಳಗೆ ರಬ್ಬರ್ ಇಟ್ಟೆ, ಗಂಗವ್ವನ ತವರಿನ ಕೌದಿ ಮಡಿಸಿ ಹಾಕಿದೆ. ನಾಣ್ಯ ಸ್ವಲ್ಪ ತಡೆದು, ಯೋಚಿಸಿ, ಬಿತ್ತು. ಸಾಲದ್ದಕ್ಕೆ, ಕತ್ತರಿಸಿ ನೋಡಿದ ನಾಯಿಯ ಬೆನ್ನು ಚಳಿಗೆ ನಡುಗಿದಂತೆ ಅಂಕುಡೊಂಕಾಗಿ ಬಂತು.

ಮರುದಿನವೇ ವಾಪಸು ಒಯ್ದೆ. ಅಂಗಡಿಯಲ್ಲಿ ಒಂದು ತೋರಿಸಿ ಮನೆಗೆ ಇನ್ನೊಂದು ಕಟ್ಟಿ ಕೊಡುವುದು ಶಿಷ್ಯನಾದವನ ಲಕ್ಷಣವೇ ಎಂದು ಗಿರಾಕಿಗಳ ಮುಂದೆಯೇ ಕೇಳಿದೆ. ದುಂಡಪ್ಪ ಎರಡನೆಯದನ್ನು ಕೊಟ್ಟ. ಅದೂ ಅಂಗಡಿಯಲ್ಲಿ ಸಂಭಾವಿತ, ಮನೆಯಲ್ಲಿ ನಡುಕ. ಅದನ್ನೂ ಹೊತ್ತು ಒಯ್ದಾಗ ಅವನ ಮುಖ ಬಾಡಿತು. “ಸರ, ಸಾಲ್ಯಾಗ ನನ್ನ ಬಿಸಲಾಗ ನಿಲ್ಲಿಸಿದ್ರಿ, ನಿಂತೆ. ಈಗ ನಿಮ್ಮ ನಾಣ್ಯ ನಿಲ್ಲಲಿಲ್ಲಂದ್ರ ಅದಕ್ಕೂ ನಾನ ಏನ್ರೀ? ಇದ ಕಡೀದು. ಇದೂ ತಿರಗಿ ಬಂತಂದ್ರ ನಿಮಗ ಚಾ ಅಷ್ಟ ಕೊಡ್ತೀನಿ, ಮಷೀನ ಕೊಡೂದಿಲ್ಲ” ಎಂದ.

ಹೀಗೆ ಮೂರನೆಯದು ಮನೆಗೆ ಬಂದದ್ದು ನಿನ್ನೆ ಸಂಜೆ. ಗೃಹಪ್ರವೇಶ ನಾಡಿದ್ದು, ಫಲಕ ಕೊಡಬೇಕಾದದ್ದು ನಾಳೆ ಸಂಜೆ. ಮೇಜಿನ ಮೇಲೆ ಯಂತ್ರವಿಟ್ಟು, ವಾಯರ್ ಮುಟ್ಟಲಿಲ್ಲವೆಂದು ಎಕ್ಸ್‌ಟೆನ್ಷನ್ ಬೋರ್ಡ್ ಹುಡುಕಲು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಗಂಗವ್ವ ಯಂತ್ರದ ಮುಂದೆ ಕುಳಿತು ನಾಣ್ಯ ನಿಲ್ಲಿಸಿ ಆಡುತ್ತಿದ್ದಳು.

“ಬಿತ್ರಿ” ಎಂದಳು.

“ಇದೂ ಅಲುಗುತ್ತದೆಯೇ? ಆ ದುಂಡಪ್ಪನಿಗೆ...”

“ತಡೀರಿ, ಅವಗ ಯಾಕ ಬೈತೀರಿ? ಬೋರ್ಡ್ ನಿಮ್ಮ ಕೈಯಾಗ ಐತಿ. ಮಷೀನ ಇನ್ನಾ ಚಾಲೂನ ಆಗಿಲ್ಲ.”

ನಾನು ಕೈಯಲ್ಲಿದ್ದ ಬೋರ್ಡ್ ನೋಡಿದೆ. ನಾಣ್ಯವನ್ನು ನಾನೇ ನಿಲ್ಲಿಸಿದೆ. ನಿದ್ದೆಯಲ್ಲಿದ್ದ ಯಂತ್ರದ ಮೇಲಿಂದ ಅದು ಮೆಲ್ಲಗೆ ಹೊರಳಿ ಬಿತ್ತು. ಬರಿಯ ಮೇಜಿನ ಮೇಲೆ ನಿಲ್ಲಿಸಿದೆ, ಅಲ್ಲಿಯೂ ಬಿತ್ತು. ಗೋಡೆಗೆ ಅಂಗೈ ಹಚ್ಚಿದೆ. ಮೆಲುಕು ಹಾಕುವ ಎಮ್ಮೆಯ ಮೈಯ ಹಾಗೆ ಗೋಡೆ ಸಣ್ಣಗೆ ಅದುರುತ್ತಿತ್ತು. ಆಗ, ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ, ಮಲ್ಲಪ್ಪನ ಮಗ್ಗಗಳ ಸಪ್ಪಳ ನನ್ನ ಕಿವಿಗೆ ಬಿತ್ತು. ನಮ್ಮ ಓಣಿಯಲ್ಲಿ ಯಾರಿಗೂ ಅದು ಕೇಳಿಸುವುದಿಲ್ಲ. ನಿಂತರೆ ಮಾತ್ರ ಎಲ್ಲರೂ ಹೊರಗೆ ಬಂದು ಏನಾಯಿತು ಎಂದು ಕೇಳುತ್ತಾರೆ. ಗಂಗವ್ವ ಅಡುಗೆಮನೆಯ ಕಡೆ ಕೈಮಾಡಿ, “ಡಬ್ಬಿಗೋಳು ದಿನಾ ನಡಕೋತ ಬರ್ತಾವಲ್ಲ, ಅವಕ್ಕ ಕಾಲು ಅದಾವಂತ ತಿಳದಿದ್ರೇನು ಡ್ರಿಲ್ ಮಾಸ್ತರ್ರು?” ಎಂದಳು. 

ಮೇಜನ್ನು ಎಲ್ಲಿಗೆ ಒಯ್ಯುವುದು? ಹಿತ್ತಲಾಚೆಯೂ ಮಗ್ಗ, ಎದುರಿಗೂ ಮಗ್ಗ. ಮಗ್ಗ ನಿಲ್ಲಿಸು ಎಂದು ಮಲ್ಲಪ್ಪನಿಗೆ ಹೇಳಲು ಬಾಯಿಲ್ಲ. ಅವನ ಮನೆಯಷ್ಟೇ ಅಲ್ಲ, ನೇಯುವವರ ಮನೆಗಳೂ ಅದರ ಮೇಲೆ ನಡೆಯುತ್ತವೆ. ತಲೆ ಮೇಲೆ ಕೈ ಹೊತ್ತು ಕುಳಿತೆ. ಆಗಲೂ ದಾರಿ ತೋರಿಸಿದವಳು ಗಂಗವ್ವನೇ. “ನಾಳಿ ಅಮಾಸಿ ಅಲ್ರೀ, ಮಗ್ಗ ಬಂದ್. ಒಂದ್ ದಿನ ಐತಿ. ಮಾಡ್ತಿದ್ರ ಮಾಡ್ರಿ” ಎಂದಳು.

ಆದ್ದರಿಂದ ಈ ದಿನ ಏಳು ಗಂಟೆಗೆ ಸರಿಯಾಗಿ ಕೆಲಸ ಆರಂಭವಾಯಿತು. ಓಣಿ ಎಷ್ಟು ಮೌನವಾಗಿತ್ತೆಂದರೆ ಗಂಗವ್ವ ರೊಟ್ಟಿ ಬಡಿಯುವ ಸದ್ದಿಗೆ ನಾನು ಎರಡು ಸಲ ಬೆಚ್ಚಿದೆ. ಯಂತ್ರ ಚಾಲೂ ಮಾಡಿ ನಾಣ್ಯ ಇಟ್ಟೆ. ನಿಂತಿತು. ತೆಗೆಯಲು ಮನಸ್ಸೇ ಬರಲಿಲ್ಲ. ಮಲ್ಲಪ್ಪನ ಅವ್ವನ ಹೆಸರು ಗುರವ್ವ, ಆ ಅಕ್ಷರಗಳ ಹೊಟ್ಟೆಗಳನ್ನೆಲ್ಲ ಮೊದಲು ಬಿಡಿಸಿದೆ. ಊಟವಾದ ಮೇಲೆ ನಾಯಿ. ಮೂತಿ, ಎದೆ, ಬೆನ್ನು ಬಂದವು. ಆ ಹೆಸರಿಗೆ ಮಾತ್ರ ಇರುವ ಸೊಂಟದ ಹತ್ತಿರ ಬಂದಾಗ ನಾನೂ ಗಂಗವ್ವನೂ ಉಸಿರು ಬಿಡಲಿಲ್ಲ. ಅಲಗು ದಾಟಿತು. ನಾಲ್ಕು ಕಾಲು, ಒಂದು ಬಾಲ, ಎಲ್ಲ ಹಾಜರು. ನಡುವೆ ದುಂಡಪ್ಪನಿಗೆ ಫೋನ್ ಮಾಡಿ ಯಂತ್ರ ಛಲೋ ಇದೆ ಎಂದೆ. “ಮೊದಲಿನ್ವೂ ಛಲೋನ ಇದ್ದೂರಿ ಸರ. ಮುಧೋಳದಾವರು ಒಯ್ದಾರ. ಜರಾನೂ ಅಲಗೂದಿಲ್ಲಂತ” ಎಂದ. “ಹೌದೇ?” ಎಂದು ಕೇಳಿ ಫೋನ್ ಇಟ್ಟೆ. ಕಾರಣ ಹೇಳಲು ಜಮಖಂಡಿಗೆ ಹೋಗಿ ಅವನ ಚಹಾ ಕುಡಿಯುವುದೇ ಮೇಲು. ಗಿರಾಕಿಗಳಿಲ್ಲದ ಹೊತ್ತು ನೋಡಿ ಹೋಗಬೇಕು.

ನಾಳೆ ಕೊಡಬೇಕಾದ ಫಲಕವನ್ನು ಇವತ್ತೇ ಸಂಜೆ ಬಟ್ಟೆಯಲ್ಲಿ ಸುತ್ತಿ, ಎದೆ ಸೆಟೆದು ಮಲ್ಲಪ್ಪನ ಮನೆಗೆ ನಡೆದೆ. ಅವನು ಕಣ್ಣು ಕೆಂಪಗೆ ಮಾಡಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಫಲಕ ನೋಡಿ ಕಣ್ಣು ಅರಳಿತು. ಅವರವ್ವ ತನ್ನ ಹೆಸರಿನ ಮೇಲೆ ಬೆರಳಾಡಿಸಿ ನನ್ನ ಕಡೆ ನೋಡಿ ಕೈಮುಗಿದಳು. ರಾಜಾ ಮೂಸಿ ನೋಡಿ, ಪರವಾಗಿಲ್ಲ ಎನ್ನುವಂತೆ ಹೋದ. ನಾನು ಹೊರಡುವಾಗ ಮಲ್ಲಪ್ಪ ಬಾಗಿಲವರೆಗೆ ಬಂದು ದನಿ ತಗ್ಗಿಸಿದ.

“ಮಾಸ್ತರ, ಸಿಟ್ಟಿಗೆ ಬರಬ್ಯಾಡ್ರಿ, ಒಂದ್ ಮಾತ ಹೇಳ್ತೀನಿ. ತಿಂಗಳದಾಗ ಇದೊಂದ ದಿನ ಮಧ್ಯಾಹ್ನ ಕಣ್ಣ ಮುಚ್ಚತೀನಿ. ಇವತ್ತ ನಿಮ್ಮ ಮಷೀನ ಗ್ವಾಡ್ಯಾಗ ಒಂದ ಸವನ ಕಿರ್ ಅನ್ನಾಕತ್ತಿತ್ತು. ಜರಾ ಸಪ್ಪಳ ಇಲ್ಲದ್ದ ನೋಡಿ ತಗೋಬೇಕಿತ್ರಿ. ಬಾಜೂದವರದೂ ವಿಚಾರ ಮಾಡಬೇಕಲ್ರೀ.”

“ಆತು ಮಲ್ಲಪ್ಪ” ಎಂದೆ.

ಮನೆಗೆ ಬಂದು ಮರದ ಹುಡಿ ಗುಡಿಸಿ, ಯಂತ್ರಕ್ಕೆ ಬಟ್ಟೆ ಹೊದಿಸಿದೆ. ಗಂಗವ್ವ ದೀಪ ಹಚ್ಚಿದಳು. ನಾನು ಅಡುಗೆಮನೆಗೆ ಹೋಗಿ ಹಲಗೆಯ ಮುಂದೆ ನಿಂತೆ. ಡಬ್ಬಿಗಳು ನಿನ್ನೆ ಇಟ್ಟಲ್ಲೇ, ಗೋಡೆಗೆ ಬೆನ್ನು ಹಚ್ಚಿ, ಎತ್ತರದ ಪ್ರಕಾರ ನಿಂತಿದ್ದವು. ಒಂದೂ ಕದಲಿರಲಿಲ್ಲ. ಹಿಂದೆ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿದೆ. ಆಮೇಲೆ, ವೇಳೆ ಎಂದರೆ ವೇಳೆ ಎಂದುಕೊಂಡು, ಗೋಡೆಗೆ ತಾಗಿದ್ದವನ್ನೇ ಒಂದೊಂದಾಗಿ ಹಿಂದಕ್ಕೆ ತಳ್ಳಿದೆ.